ನೀರಿಲ್ಲದೆ ಹುಟ್ಟು ಹಾಕುವವರು

ಹಳೆಯ ಸಾಮಾನು ಮಾರುವ ಜಾಹೀರಾತುಗಳಲ್ಲಿ ವ್ಯಾಯಾಮದ ಯಂತ್ರಗಳ ಚಿತ್ರದ ಕೆಳಗೆ ಒಂದು ಮಾತು ಇದ್ದೇ ಇರುತ್ತದೆ: ‘ಹೆಚ್ಚು ಬಳಸಿಲ್ಲ’. ಮಾರುವವರಿಗೆ ಅದು ಯಂತ್ರದ ಗುಣ. ಕೊಳ್ಳಲು ಹೊರಟವರು ಅದನ್ನು ಎಚ್ಚರಿಕೆಯಾಗಿ ಓದಿಕೊಂಡರೆ ಒಳ್ಳೆಯದು. ಟ್ರೆಡ್‌ಮಿಲ್, ಸೈಕಲ್‌ಗಳ ನಂತರ ಈಗ ರೋಯಿಂಗ್ ಮೆಷಿನ್‌ನ ಸರದಿ ಬಂದಿದೆ. ಯಾವುದು ಒಳ್ಳೆಯದು, ಎಷ್ಟಕ್ಕೆ ಸಿಗುತ್ತದೆ ಎಂದು ವಿಚಾರಿಸುವವರು ಬಹಳ. ಆರು ತಿಂಗಳ ಮೇಲೂ ಅದರ ಮೇಲೆ ಕೂರುತ್ತೇನೆಯೇ ಎಂದು ತಮ್ಮನ್ನೇ ಕೇಳಿಕೊಳ್ಳುವವರು ಕಡಿಮೆ. ನನಗನಿಸುವಂತೆ ಎರಡನೆಯ ಪ್ರಶ್ನೆಗೆ ಉತ್ತರ ಸಿಕ್ಕರೆ ಮೊದಲನೆಯದು ಅರ್ಧ ಬಗೆಹರಿದ ಹಾಗೆ.

ಹೊರಗಿನಿಂದ ನೋಡಿದರೆ ರೋಯಿಂಗ್ ತೋಳಿನ ವ್ಯಾಯಾಮದಂತೆ ಕಾಣುತ್ತದೆ. ಉರುಳುವ ಸೀಟಿನ ಮೇಲೆ ಕೂತು, ಪಾದಗಳನ್ನು ಪಟ್ಟಿಯಲ್ಲಿ ಬಿಗಿದು, ಹಿಡಿಕೆಯನ್ನು ಹೊಟ್ಟೆಯ ಕಡೆಗೆ ಎಳೆಯುವುದು. ಆದರೆ ಅರ್ಧಕ್ಕೂ ಹೆಚ್ಚು ಬಲ ಬರುವುದು ತೊಡೆ ಮತ್ತು ಪೃಷ್ಠದ ಸ್ನಾಯುಗಳಿಂದ. ಮೊದಲು ಕಾಲು ಒದೆಯಬೇಕು, ಆಮೇಲೆ ಸೊಂಟದಿಂದ ಮೈ ಹಿಂದಕ್ಕೆ ವಾಲಬೇಕು, ಕೊನೆಗೆ ತೋಳು ಮಡಿಸಬೇಕು. ಮರಳುವಾಗ ಇದೇ ಕ್ರಮ ತಿರುಗುಮುರುಗು: ತೋಳು, ಮೈ, ಕಾಲು. ಎಳೆಯಲು ಒಂದು ಎಣಿಕೆ ಹಿಡಿದರೆ ಮರಳಲು ಎರಡು ಎಣಿಕೆ. ಹೊಸಬರು ಎಳೆತದಲ್ಲೂ ಅವಸರ, ಮರಳುವುದರಲ್ಲೂ ಅವಸರ ಮಾಡಿ ಐದು ನಿಮಿಷಕ್ಕೆ ಏದುಸಿರು ಬಿಡುತ್ತಾರೆ. ಬೆನ್ನನ್ನು ಬಿಲ್ಲಿನಂತೆ ಬಗ್ಗಿಸಿ ಎಳೆದವರಿಗೆ ಸೊಂಟನೋವೂ ಕಟ್ಟಿಟ್ಟದ್ದು. ಡಿಸ್ಕ್ ತೊಂದರೆ ಇರುವವರು ಅಂಗಡಿಗೆ ಹೋಗುವ ಮೊದಲು ವೈದ್ಯರ ಬಳಿಗೆ ಹೋಗುವುದು ಮೇಲು.

ನೆಲದ ಮೇಲೆ ಕೂತು ಹುಟ್ಟು ಹಾಕುವ ಉಪಾಯ ಹೊಸದೇನಲ್ಲ. ಕ್ರಿ.ಪೂ. 4ನೇ ಶತಮಾನದಲ್ಲಿ ಅಥೆನ್ಸಿನ ನೌಕಾಪಡೆಯ ದಂಡನಾಯಕ ಕಾಬ್ರಿಯಾಸ್, ಹೊಸ ಹುಟ್ಟುಗಾರರನ್ನು ದಡದ ಮೇಲೆಯೇ ಮರದ ಚೌಕಟ್ಟುಗಳಲ್ಲಿ ಕೂರಿಸಿ ಲಯ ಕಲಿಸಿದನೆಂದು ಗ್ರೀಕ್ ಲೇಖಕ ಪಾಲಿಯೇನಸ್ ಬರೆದಿದ್ದಾನೆ. ಇವತ್ತಿನ ಯಂತ್ರದ ಹುಟ್ಟೂರು ಮಾತ್ರ ಅಮೆರಿಕದ ವರ್ಮಾಂಟ್. ಅಲ್ಲಿ ಚಳಿಗಾಲದಲ್ಲಿ ನದಿ, ಕೆರೆಗಳೆಲ್ಲ ಹೆಪ್ಪುಗಟ್ಟುತ್ತವೆ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ದೋಣಿ ನಡೆಸಿದ್ದ ಡಿಕ್ ಡ್ರೈಸಿಗ್ಯಾಕರ್ ಮತ್ತು ಅವರ ತಮ್ಮ ಪೀಟ್, ಕೊಟ್ಟಿಗೆಯ ನೆಲಕ್ಕೆ ಹಳೆಯ ಸೈಕಲ್ಲೊಂದನ್ನು ಮೊಳೆ ಹೊಡೆದು ನಿಲ್ಲಿಸಿ, ಅದರ ಚೈನಿನ ತುದಿಯನ್ನು ಎಳೆದು ನೋಡಿದರು. 1981ರಲ್ಲಿ ಅವರ ಕಾನ್ಸೆಪ್ಟ್2 ಕಂಪನಿ ಮಾರಾಟಕ್ಕಿಟ್ಟ ಮೊದಲ ಮಾದರಿಯಲ್ಲಿ ಇದ್ದದ್ದೂ ಸೈಕಲ್ ಚಕ್ರವೇ. ಗಾಳಿಯನ್ನು ಬಡಿಯಲು ಅದಕ್ಕೆ ರೆಕ್ಕೆಗಳನ್ನು ಕಟ್ಟಿದ್ದರು.

ಆ ರೆಕ್ಕೆಗಳಲ್ಲೇ ಇಡೀ ವಿಜ್ಞಾನ ಅಡಗಿದೆ. ಚಕ್ರ ಜೋರಾಗಿ ತಿರುಗಿದಷ್ಟೂ ಗಾಳಿಯ ತಡೆ ಹೆಚ್ಚುತ್ತದೆ, ಅದೂ ವೇಗದ ವರ್ಗದ ಪ್ರಮಾಣದಲ್ಲಿ. ತಡೆಯನ್ನು ವೇಗದಿಂದ ಗುಣಿಸಿದರೆ ಬೇಕಾಗುವ ಶಕ್ತಿ ಸಿಗುತ್ತದೆ. ಹಾಗಾಗಿ ಶಕ್ತಿ ಏರುವುದು ವೇಗದ ಘನಕ್ಕೆ ತಕ್ಕಂತೆ. ವೇಗ ಎರಡು ಪಟ್ಟಾಗಬೇಕಾದರೆ ಶಕ್ತಿ ಎಂಟು ಪಟ್ಟಾಗಬೇಕು. ನೀರಿನಲ್ಲಿ ಸಾಗುವ ದೋಣಿಗೂ ಹೆಚ್ಚುಕಡಿಮೆ ಇದೇ ನಿಯಮ. ಕಾನ್ಸೆಪ್ಟ್2 ಮಾನಿಟರ್‌ನ ಲೆಕ್ಕ ಹೀಗಿದೆ: ಒಂದು ಮೀಟರ್ ಸಾಗಲು ಹಿಡಿದ ಸೆಕೆಂಡುಗಳ ಘನದಿಂದ 2.8ನ್ನು ಭಾಗಿಸಿದರೆ ವಾಟ್ ಬರುತ್ತದೆ. 500 ಮೀಟರ್‌ಗೆ ಮೂರು ನಿಮಿಷ ತೆಗೆದುಕೊಂಡರೆ 60 ವಾಟ್, ಅಂದರೆ ಹಳೆಯ ಕಾಲದ ಒಂದು ಬಲ್ಬು ಉರಿಸುವಷ್ಟು. ಎರಡೂವರೆ ನಿಮಿಷಕ್ಕೆ ಇಳಿಸಿದರೆ ಸುಮಾರು 104 ವಾಟ್. ಎರಡೇ ನಿಮಿಷದಲ್ಲಿ ಮುಗಿಸಬೇಕೆಂದರೆ 203 ವಾಟ್. ಕೊನೆಯ ಅರ್ಧ ನಿಮಿಷವನ್ನು ಕಳೆಯಲು ಶ್ರಮ ಸುಮಾರು ಇಮ್ಮಡಿಯಾಯಿತು ನೋಡಿ. ಮೊದಲ ವಾರದಲ್ಲೇ ವೇಗದ ಬೆನ್ನು ಹತ್ತಿದವರು ಎರಡನೆಯ ವಾರದಲ್ಲಿ ಯಂತ್ರದ ಕಡೆ ತಿರುಗಿ ನೋಡದೆ ಇರುವುದಕ್ಕೆ ಈ ಘನವೂ ಒಂದು ಕಾರಣ ಎಂದು ನನ್ನ ಗುಮಾನಿ.

ಚಕ್ರದ ಪಕ್ಕದಲ್ಲಿ 1ರಿಂದ 10ರವರೆಗೆ ಅಂಕಿಗಳಿರುವ ಸನ್ನೆಯೊಂದಿದೆ, ಡ್ಯಾಂಪರ್. ಜಿಮ್‌ಗೆ ಬಂದ ಹುಡುಗರು ಮೊದಲು ಮಾಡುವ ಕೆಲಸ ಅದನ್ನು 10ಕ್ಕೆ ತಳ್ಳುವುದು. ಅದು ಚಕ್ರದ ಗೂಡಿನೊಳಗೆ ಎಷ್ಟು ಗಾಳಿ ನುಗ್ಗಬೇಕು ಎಂಬುದನ್ನಷ್ಟೇ ನಿರ್ಧರಿಸುತ್ತದೆ. 10ರಲ್ಲಿ ಭಾರವಾದ ಅಗಲ ದೋಣಿ ಎಳೆದ ಅನುಭವ, 3ರಲ್ಲಿ ಹಗುರ ದೋಣಿಯ ಅನುಭವ. ಶ್ರಮ ಎಷ್ಟೆಂಬುದು ಎರಡರಲ್ಲೂ ನಿಮ್ಮ ಕಾಲಿನ ಒದೆತಕ್ಕೆ ಬಿಟ್ಟದ್ದು. ಹೊಸಬರಿಗೆ 3ರಿಂದ 5 ಸಾಕು. ಒಂದು ಎಳೆತ ಮುಗಿದು ಇನ್ನೊಂದು ಶುರುವಾಗುವ ನಡುವೆ ಚಕ್ರ ಎಷ್ಟು ಬೇಗ ನಿಧಾನವಾಯಿತು ಎಂದು ಮಾನಿಟರ್ ಪ್ರತಿ ಸಲವೂ ಅಳೆದು ಲೆಕ್ಕ ಸರಿಪಡಿಸಿಕೊಳ್ಳುತ್ತದೆ. ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವ ಬೆಂಗಳೂರಿನ ಗಾಳಿ ಮಂಗಳೂರಿನ ಗಾಳಿಗಿಂತ ತೆಳು. ಆದರೂ ಇಲ್ಲಿನ 100 ವಾಟ್ ಅಲ್ಲಿಯೂ 100 ವಾಟೇ.

ಗಾಳಿಯ ಬದಲು ನೀರಿನ ತೊಟ್ಟಿಯಲ್ಲಿ ರೆಕ್ಕೆ ತಿರುಗಿಸುವ ಯಂತ್ರಗಳೂ ಇವೆ. ಸದ್ದು ಕಿವಿಗೆ ಹಿತ, ಎಳೆತ ಮೃದು, ಮರದ ಚೌಕಟ್ಟು ಹಜಾರಕ್ಕೆ ಒಪ್ಪುತ್ತದೆ. ಪಾಚಿ ಕಟ್ಟದಂತೆ ಆಗಾಗ ಕ್ಲೋರಿನ್ ಮಾತ್ರೆ ಹಾಕುವ ಉಸ್ತುವಾರಿ ಮಾತ್ರ ನಿಮ್ಮದು. ಮೂರನೆಯದು ಆಯಸ್ಕಾಂತದ್ದು. ಆಯಸ್ಕಾಂತದ ಹತ್ತಿರ ಲೋಹದ ಚಕ್ರ ತಿರುಗಿದಾಗ ಅದರಲ್ಲಿ ವಿದ್ಯುತ್ತಿನ ಸುಳಿಗಳು ಎದ್ದು ಚಕ್ರವನ್ನೇ ಹಿಡಿದೆಳೆಯುತ್ತವೆ. ಒಂದಕ್ಕೊಂದು ತಾಗುವುದಿಲ್ಲ, ಸವೆತವಿಲ್ಲ, ಸದ್ದೂ ಬಹಳ ಕಡಿಮೆ. ಆದರೆ ತಡೆ ನಿಮ್ಮ ವೇಗಕ್ಕೆ ಗಾಳಿಯಷ್ಟು ಚುರುಕಾಗಿ ಸ್ಪಂದಿಸುವುದಿಲ್ಲ. ಗುಂಡಿ ತಿರುಗಿಸಿ ಇಟ್ಟಷ್ಟು ಬಿಗಿಯಲ್ಲೇ ಇದೆ ಅನಿಸುತ್ತದೆ. ಅಗ್ಗದ್ದೂ ಚಿಕ್ಕದೂ ಬೇಕೆಂದವರಿಗೆ ಎಣ್ಣೆಯ ಪಿಸ್ಟನ್ ಇರುವ ಬಗೆ ಸಿಗುತ್ತದೆ. ಎಳೆಯುತ್ತ ಎಳೆಯುತ್ತ ಎಣ್ಣೆ ಬಿಸಿಯಾಗಿ ತೆಳುವಾಗುತ್ತದೆ, ತಡೆ ಇಳಿಯುತ್ತದೆ. ಇದನ್ನು ಕೊಳ್ಳಿ ಎಂದು ನಾನು ಯಾರಿಗೂ ಹೇಳುವುದಿಲ್ಲ.

ಫ್ಲಾಟಿನಲ್ಲಿ ಇರುವವರಿಗೆ ಸದ್ದೇ ದೊಡ್ಡ ವಿಷಯ. ಗಾಳಿಯ ಯಂತ್ರ ಒಳ್ಳೆಯದೇ, ಆದರೆ ಬೆಳಿಗ್ಗೆ ಐದೂವರೆಗೆ ಅದು ಬುಸುಗುಟ್ಟಿದರೆ ಮಲಗಿದ ಮಗು ಏಳುತ್ತದೆ. ಆಮೇಲೆ ಯಾವ ಪ್ರೇರಣೆಯೂ ಉಳಿಯದು. ಅಂಥ ಮನೆಗೆ ಆಯಸ್ಕಾಂತದ್ದೇ ಸರಿ. ದೊಡ್ಡ ಯಂತ್ರಗಳ ಉದ್ದ ಸುಮಾರು ಎಂಟು ಅಡಿ ಇರುತ್ತದೆ, ಹಿಂದೆ ವಾಲಲು ಇನ್ನೊಂದು ಅಡಿ ಬಿಡಬೇಕು. ಹಲವು ಯಂತ್ರಗಳ ಸೀಟು ನೆಲದಿಂದ ಬರೀ ಒಂದು ಅಡಿ ಚಿಲ್ಲರೆ ಎತ್ತರದಲ್ಲಿದೆ. ಮಂಡಿನೋವಿರುವ ಅಪ್ಪ ಅಮ್ಮಂದಿರೂ ಬಳಸುವುದಾದರೆ ಎತ್ತರದ ಮಾದರಿ ನೋಡಿ. ಎತ್ತರದ ಆಳು ಪೂರ್ತಿ ಕಾಲು ಚಾಚಿದಾಗ ಸೀಟು ಹಳಿಯ ತುದಿಗೆ ಬಡಿಯಬಾರದು. ಅಂಗಡಿಯಲ್ಲಿ ಹತ್ತು ನಿಮಿಷ ಕೂತು ಎಳೆಯಲು ಬಿಡದಿದ್ದರೆ ಬೇರೆ ಅಂಗಡಿ ನೋಡಿಕೊಳ್ಳಿ.

ಇನ್ನು ಮನಸ್ಸಿನ ಮಾತು. 2006ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸ್ಟೆಫಾನೊ ಡೆಲ್ಲಾವಿನ್ಯಾ ಮತ್ತು ಉಲ್ರಿಕೆ ಮಾಲ್ಮೆಂಡಿಯರ್ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ಮೂರು ಜಿಮ್‌ಗಳ 7,752 ಸದಸ್ಯರ ಹಾಜರಿಯನ್ನು ತೆಗೆದು ನೋಡಿದರು. ತಿಂಗಳಿಗೆ 70 ಡಾಲರ್‌ಗೂ ಮೇಲೆ ಕಟ್ಟುವ ಸದಸ್ಯರು ಬರುತ್ತಿದ್ದದ್ದು ಸರಾಸರಿ ನಾಲ್ಕು ಚಿಲ್ಲರೆ ಸಲ. ಒಂದೊಂದು ಭೇಟಿಗೆ 17 ಡಾಲರ್ ಬಿತ್ತು. ಹತ್ತು ಸಲದ ಪಾಸು ಕೊಂಡಿದ್ದರೆ ಭೇಟಿಯೊಂದು ಹತ್ತೇ ಡಾಲರ್‌ನಲ್ಲಿ ಮುಗಿಯುತ್ತಿತ್ತು. ಹಣ ಕಟ್ಟಿದರೆ ಹಠ ತಾನಾಗಿ ಬರುತ್ತದೆ ಎಂದು ನಂಬಿ ದುಬಾರಿ ಯಂತ್ರ ಕೊಳ್ಳುವವರು ಈ ಲೆಕ್ಕವನ್ನು ನೆನಪಿಡಬೇಕು.

ಮೈಗೆ ಹಿತವೆನಿಸಿದ್ದನ್ನು ಮನಸ್ಸು ಮತ್ತೆ ಬಯಸುತ್ತದೆ. ವ್ಯಾಯಾಮದ ಮನೋವಿಜ್ಞಾನಿ ಪ್ಯಾಂಟೆಲೆಮನ್ ಎಕೆಕಾಕಿಸ್ ಅವರು ವರ್ಷಗಟ್ಟಲೆ ನಡೆಸಿದ ಪ್ರಯೋಗಗಳು ತೋರಿಸಿದ್ದು ಇಷ್ಟು: ಉಸಿರು ಕಟ್ಟಿ ಮಾತು ತುಂಡಾಗುವ ಹಂತ ದಾಟಿದ ಮೇಲೆ ಬಹುಪಾಲು ಜನರಿಗೆ ವ್ಯಾಯಾಮ ಹಿಂಸೆ ಅನಿಸತೊಡಗುತ್ತದೆ. ಆ ಗೆರೆಯ ಈಚೆಗೇ ಇದ್ದರೆ ಸುಖವಾಗಿಯೇ ಇರುತ್ತದೆ. ರೋಯಿಂಗ್‌ನಲ್ಲಿ ಅದನ್ನು ಪರೀಕ್ಷಿಸುವುದು ಸುಲಭ. ಎಳೆಯುತ್ತಲೇ ಪಕ್ಕದವರಿಗೆ ಒಂದು ಇಡೀ ವಾಕ್ಯ ಹೇಳಲು ಆಗಬೇಕು. ಮೊದಲ ಎರಡು ತಿಂಗಳು ಅಷ್ಟೇ ಸಾಕು. ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಶ್ರಮ ಬೇಕೆಂಬ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಗೂ ಇದು ಸಲ್ಲುತ್ತದೆ.

ಇಪ್ಪತ್ತೊಂದು ದಿನ ಮಾಡಿದರೆ ಅಭ್ಯಾಸವಾಗುತ್ತದೆ ಎನ್ನುವ ಮಾತಿಗೆ ಆಧಾರವಿಲ್ಲ. ಲಂಡನ್ನಿನ ಫಿಲಿಪಾ ಲಾಲಿ ಮತ್ತು ಸಂಗಡಿಗರು 96 ಮಂದಿಯನ್ನು ಹನ್ನೆರಡು ವಾರ ಗಮನಿಸಿ ಹಾಕಿದ ಲೆಕ್ಕದಲ್ಲಿ ಅವಧಿ 18ರಿಂದ 254 ದಿನಗಳವರೆಗೂ ಚಾಚಿತ್ತು, ನಡುವಿನ ಅಂಕಿ 66. ವ್ಯಾಯಾಮದ ಅಭ್ಯಾಸ, ಊಟದ ಜೊತೆ ಹಣ್ಣು ತಿನ್ನುವಂಥದ್ದಕ್ಕಿಂತ ನಿಧಾನ. ಒಂದು ದಿನ ತಪ್ಪಿದರೆ ಏನೂ ಕೆಡಲಿಲ್ಲ ಎಂಬುದು ಅದೇ ಅಧ್ಯಯನದ ಸಮಾಧಾನದ ಸಂಗತಿ.

ಸಂಶೋಧಕಿ ಕೇಟಿ ಮಿಲ್ಕ್‌ಮನ್ ಮತ್ತು ಜೊತೆಗಾರರು, ಕುತೂಹಲ ಕೆರಳಿಸುವ ಕಾದಂಬರಿಗಳ ಧ್ವನಿಮುದ್ರಿಕೆಯನ್ನು ಜಿಮ್‌ನಲ್ಲಿ ಮಾತ್ರ ಕೇಳಲು ಸಿಗುವಂತೆ ಮಾಡಿ ನೋಡಿದರು. ಮೊದಮೊದಲು ಭೇಟಿ 51 ಪ್ರತಿಶತ ಹೆಚ್ಚಿತು. ನವೆಂಬರಿನ ಹಬ್ಬದ ರಜೆ ಬಂತು, ಜನ ಊರಿಗೆ ಹೋಗಿ ಬಂದರು, ಪರಿಣಾಮ ಕರಗಿಹೋಯಿತು. ನಮ್ಮಲ್ಲಾದರೆ ಅದು ದಸರೆ, ದೀಪಾವಳಿ. ಮುಂದೆ 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅವರದೇ ತಂಡ 61,000 ಜಿಮ್ ಸದಸ್ಯರ ಮೇಲೆ 54 ಉಪಾಯಗಳನ್ನು ಒಟ್ಟಿಗೆ ಪರೀಕ್ಷಿಸಿತು. ಎಲ್ಲಕ್ಕಿಂತ ಚೆನ್ನಾಗಿ ಫಲಿಸಿದ್ದು, ಒಂದು ಸಲ ತಪ್ಪಿಸಿಕೊಂಡವರು ಮರಳಿ ಬಂದಾಗ ಕೊಟ್ಟ ಪುಡಿಗಾಸಿನ ಬಹುಮಾನ. ಹಾಗಾಗಿ ತಪ್ಪದೆ ಮಾಡುತ್ತೇನೆ ಎಂದು ಶಪಥ ತೊಡುವುದಕ್ಕಿಂತ, ಊರಿನಿಂದ ಬಂದ ಮಾರನೆಯ ಬೆಳಿಗ್ಗೆ ಹತ್ತೇ ನಿಮಿಷ ಕೂರುತ್ತೇನೆ ಎಂದು ಹೊರಡುವ ಮೊದಲೇ ಮನೆಯವರೆದುರು ಹೇಳಿಬಿಡುವುದು ಜಾಣತನ. ಯಂತ್ರವನ್ನು ಮಡಚಿ ಮಂಚದ ಹಿಂದೆ ಇಡುವುದಂತೂ ಬೇಡ. ಮಡಚಬಹುದು ಎಂಬ ಸೌಲಭ್ಯಕ್ಕೆ ಹೆಚ್ಚು ಹಣ ಕೊಡುವುದೇ ವ್ಯರ್ಥ ಎಂದು ನನ್ನ ಅಭಿಪ್ರಾಯ, ಜಾಗ ತೀರಾ ಇಕ್ಕಟ್ಟಾಗಿದ್ದರೆ ಬೇರೆ ಮಾತು.

ಮಾನಿಟರ್‌ನಲ್ಲಿ ಏನು ನೋಡಬೇಕು ಎಂಬುದೂ ಪ್ರೇರಣೆಯ ವಿಷಯವೇ. 500 ಮೀಟರ್‌ಗೆ ಎರಡೂವರೆ ನಿಮಿಷ ತೆಗೆದುಕೊಳ್ಳುತ್ತಿದ್ದವರು ಕೆಲವು ತಿಂಗಳಲ್ಲಿ ಐದು ಸೆಕೆಂಡ್ ಇಳಿಸಿದರೆನ್ನಿ. ವೇಗ ಮೂರೂವರೆ ಪ್ರತಿಶತದಷ್ಟೂ ಏರಿಲ್ಲ, ನೋಡಿದರೆ ಬೇಸರ. ಅದನ್ನೇ ವಾಟ್‌ನಲ್ಲಿ ನೋಡಿದರೆ 104 ಇದ್ದದ್ದು 115 ಆಗಿರುತ್ತದೆ, ಹತ್ತು ಪ್ರತಿಶತಕ್ಕೂ ಮೇಲೆ. ಘನದ ನಿಯಮ ಇಲ್ಲಿ ನಮ್ಮ ಪರವಾಗಿ ತಿರುಗುತ್ತದೆ. ಎರಡೂ ಅಂಕಿ ಸತ್ಯ. ನಾನಾದರೆ ವಾಟ್ ನೋಡುತ್ತೇನೆ.