ತಂಪು ತಪ್ಪಿದ ಇರುಳು

ತಮಿಳುನಾಡಿನ ಹೊಸೂರು ಬಳಿಯ ಬಾಗಲೂರಿನ ಗುಲಾಬಿ ತೋಟಗಳಲ್ಲಿ ಕೆಲಸ ಶುರುವಾಗುವುದು ಇನ್ನೂ ಕತ್ತಲಿರುವಾಗಲೇ. ಹಾಲುಬಣ್ಣದ ಪ್ಲಾಸ್ಟಿಕ್ ಹೊದ್ದ ಪಾಲಿಹೌಸಿನೊಳಗೆ, ತಲೆಗೆ ಬಟ್ಟೆ ಸುತ್ತಿಕೊಂಡು ಕೈಗೆ ದಪ್ಪ ಗವಸು ತೊಟ್ಟ ಹೆಂಗಸರು ಸಾಲು ಹಿಡಿದು ನಡೆಯುತ್ತಾರೆ. ಕತ್ತರಿಯ ಕಚಕ್ ಕಚಕ್ ಸದ್ದು, ಹನಿ ನೀರಾವರಿಯ ಪೈಪಿನಡಿಯ ಒದ್ದೆ ಮಣ್ಣಿನ ವಾಸನೆ, ನಿನ್ನೆ ಸಂಜೆ ಎಲೆಗಳಿಗೆ ಹೊಡೆದ ಔಷಧದ ಘಾಟು. ಗುಲಾಬಿಯ ಪರಿಮಳ ಹುಡುಕಿದರೆ ಅಷ್ಟಾಗಿ ಸಿಗದು. ದೂರದೂರಿಗೆ ಹೋಗುವ ತಾಜ್‌ಮಹಲ್ ತಳಿಯ ಈ ಕೆಂಪು ಮೊಗ್ಗಿಗೆ ಕಂಪು ಕಡಿಮೆ, ಬಾಳಿಕೆ ಹೆಚ್ಚು. ಕೊಯ್ದ ಕಡ್ಡಿ ನೆಲ ಮುಟ್ಟುವಂತಿಲ್ಲ, ನೇರ ಬಕೆಟ್ಟಿನ ನೀರಿಗೆ, ಅಲ್ಲಿಂದ ಶೀತಲ ಕೋಣೆಗೆ. ಬಿಸಿಲು ಪಾಲಿಹೌಸಿನ ನೆತ್ತಿ ಮುಟ್ಟುವುದರೊಳಗೆ ಅಷ್ಟೂ ಮುಗಿಯಬೇಕು.

ಈ ಗಿಡಕ್ಕೆ ಒಗ್ಗುವ ಹವೆ ಇಕ್ಕಟ್ಟಿನದು. ಹಗಲು 24ರಿಂದ 28 ಡಿಗ್ರಿ, ರಾತ್ರಿ 15ರಿಂದ 18. ಹಗಲು ಒಂದಿಷ್ಟು ಏರಿದರೂ ಬೆಳೆಗಾರರು ಹೇಗೋ ಸಂಭಾಳಿಸುತ್ತಾರೆ. ಬದಿಯ ಪರದೆ ಎತ್ತುತ್ತಾರೆ, ಮೇಲೆ ನೆರಳಿನ ಬಲೆ ಎಳೆಯುತ್ತಾರೆ, ಮಂಜು ಚಿಮ್ಮಿಸುವ ಫಾಗರ್ ತಿರುಗಿಸುತ್ತಾರೆ. ರಾತ್ರಿಯನ್ನು ತಣಿಸಲು ಮಾತ್ರ ಅವರ ಬಳಿ ಏನೂ ಇಲ್ಲ. ಮೊಗ್ಗು ನಿಧಾನವಾಗಿ ದಪ್ಪಗಟ್ಟುವುದು ಇರುಳಿನ ತಂಪಿನಲ್ಲಿ. ಆ ತಂಪು ತಪ್ಪಿದರೆ ಹೂವು ಆತುರಕ್ಕೆ ಬಿದ್ದು ಅರಳುತ್ತದೆ, ಕಡ್ಡಿ ಗಿಡ್ಡ, ಎಸಳು ಕಮ್ಮಿ, ಮೊಗ್ಗು ಚಿಕ್ಕದು. ಜೊತೆಗೆ ನುಸಿ, ಥ್ರಿಪ್ಸ್. ಫೆಬ್ರವರಿ 14ರ ಪ್ರೇಮಿಗಳ ದಿನಕ್ಕೆ ಹೂ ಕಳಿಸುವವರು ಡಿಸೆಂಬರಿನಲ್ಲೇ ದಿನ ಎಣಿಸಿ ಗಿಡ ಸವರುತ್ತಾರೆ. ಜನವರಿ ಬೆಚ್ಚಗಾಯಿತೋ, ಹೂವು ಹಬ್ಬಕ್ಕೆ ಮೊದಲೇ ಅರಳಿ ಪೇಟೆಯಲ್ಲಿ ಕಟ್ಟಿಗೆ ಕಾಸಿಲ್ಲದಂತಾಗುತ್ತದೆ. ಚಳಿ ಅತಿಯಾಯಿತೋ, ಹಬ್ಬ ಮುಗಿದ ಮೇಲೆ ಅರಳುತ್ತದೆ.

ಈ ಸೀಮೆಯ ಬದುಕನ್ನು ಕಟ್ಟಿದ್ದೇ ಆ ಇರುಳಿನ ತಂಪು. ಹೊಸೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಬೆಂಗಳೂರು ಕುಳಿತಿರುವ ಪ್ರಸ್ಥಭೂಮಿಯ ತೆಂಕಣ ಅಂಚು ಇದು. ಇಲ್ಲಿನ ತಳಿ ಎಂಬ ಊರನ್ನು ಇಂಗ್ಲಿಷರು ಪುಟ್ಟ ಇಂಗ್ಲೆಂಡ್ ಎಂದು ಕರೆದರೆಂದು ಇಲ್ಲಿಯವರು ಈಗಲೂ ಹೆಮ್ಮೆಯಿಂದ ಹೇಳುತ್ತಾರೆ. ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಜಗಲಿಯಲ್ಲಿ ಮಾತಾಡುವ ತಳಿ, ಡೆಂಕಣಿಕೋಟೆ, ಕೆಳಮಂಗಲ, ಅಂಚೆಟ್ಟಿಯ ಹಳ್ಳಿಗಳಿಗೆ ಡಿಸೆಂಬರಿನಲ್ಲಿ ಬನ್ನಿ. ಹೊಲದ ಮೇಲೆ ಇಬ್ಬನಿ ಹಾಸಿರುತ್ತದೆ, ಕಣದಲ್ಲಿ ರಾಗಿ ಮೆದೆ, ಬೇಲಿಯಂಚಿನಲ್ಲಿ ಅವರೆ. ಕಾಯಿ ಬಿಡಿಸಿದವರ ಬೆರಳಿಗೆ ಅಂಟಿದ ಸೊಗಡು ತೊಳೆದರೂ ಹೋಗದು. ಇಬ್ಬನಿ ಬೀಳದ ವರ್ಷ ಅವರೆಗೆ ಸೊಗಡಿಲ್ಲ ಎಂಬುದು ಇಲ್ಲಿನ ಪ್ರತಿ ಅಡುಗೆಮನೆಗೂ ಗೊತ್ತು. ಇಬ್ಬನಿ ಬೀಳುವುದೂ ರಾತ್ರಿ ನೆಲ ತಣಿದರೆ ತಾನೆ?

ತಳಿಯತ್ತ ಹೊರಳಿದ ಮೇಲೆ ಅಲ್ಲಲ್ಲಿ ಹಿಪ್ಪುನೇರಳೆ ತೋಟ. ತೋಟದ ನಡುವೆ, ಮನೆಯಿಂದ ಒಂದಿಷ್ಟು ದೂರಕ್ಕೆ, ರೇಷ್ಮೆ ಸಾಕುವ ಉದ್ದನೆಯ ಹುಳುಮನೆ. ಒಳಗೆ ಹೋಗುವ ಮುಂಚೆ ಚಪ್ಪಲಿ ಹೊರಗೆ ಬಿಡಬೇಕು, ಹೊಸ್ತಿಲ ಬಳಿ ಚೆಲ್ಲಿದ ಸುಣ್ಣದ ಪುಡಿ ತುಳಿದು ಬರಬೇಕು. ಒಳಗೆ ಮಬ್ಬು ಬೆಳಕು, ಹಸಿ ಸೊಪ್ಪಿನ ವಾಸನೆ, ಮೂರು ನಾಲ್ಕು ಅಂತಸ್ತಿನ ಹಾಸುಗಳ ಮೇಲೆ ಬೆರಳುದ್ದದ ಬಿಳಿ ಹುಳುಗಳು. ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ಹೊತ್ತು, ಕಳೆದು ಎದ್ದ ಹುಳು ಇವು. ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನ ನೂರರಲ್ಲಿ ಎಂಬತ್ತಕ್ಕೂ ಹೆಚ್ಚು ಪಾಲನ್ನು ಹುಳು ಈ ಕೊನೆಯ ಏಳೆಂಟು ದಿನದಲ್ಲಿ ತಿಂದು ಮುಗಿಸುತ್ತದೆ. ಮಾತು ನಿಲ್ಲಿಸಿ ಕಿವಿಗೊಟ್ಟರೆ ಸಾವಿರಾರು ಬಾಯಿಗಳು ಎಲೆ ಕತ್ತರಿಸುವ ಸಣ್ಣ ಸರಸರ ಕೇಳುತ್ತದೆ.

ಏಪ್ರಿಲ್ ಮಧ್ಯಾಹ್ನ ಆ ಸದ್ದು ತಗ್ಗುತ್ತದೆ. ಕಿಟಕಿಗಳಿಗೆ ಕಟ್ಟಿದ ಗೋಣಿಚೀಲ ನೀರು ಹೊಯ್ದ ಅರ್ಧ ಗಂಟೆಗೇ ಒಣಗುತ್ತದೆ. ಗೋಡೆಯ ಮೇಲೆ ಅಕ್ಕಪಕ್ಕ ತೂಗುವ ಎರಡು ಉಷ್ಣಮಾಪಕಗಳಿವೆ, ಒಂದರ ಬುಡಕ್ಕೆ ಒದ್ದೆ ಬತ್ತಿ. ಎರಡರ ಅಂತರ ನೋಡಿ ಕೋಣೆಯ ತೇವ ಎಷ್ಟೆಂದು ಲೆಕ್ಕ ಹಾಕುವುದನ್ನು ಶಾಲೆ ಬಿಟ್ಟ ಹೆಣ್ಣುಮಕ್ಕಳೂ ಸಲೀಸಾಗಿ ಮಾಡುತ್ತಾರೆ. ದೊಡ್ಡ ಹುಳುವಿಗೆ 24, 25 ಡಿಗ್ರಿ ಹಿತ. ಮೂವತ್ತು ದಾಟಿದರೆ ಮೇವು ಬಿಡುತ್ತದೆ, ತಲೆ ಎತ್ತಿ ಅತ್ತಿತ್ತ ತೂಗುತ್ತದೆ. "ಇನ್ನೊಂದು ಬಿಂದಿಗೆ ಹೊಯ್ಯೇ ಗೋಣಿಗೆ, ಹುಳ ಸೊಪ್ಪು ಮುಟ್ತಿಲ್ಲ" ಎಂದು ಅತ್ತೆ ಕೂಗಿದರೆ ಸೊಸೆ ತೊಟ್ಟಿಗೆ ಓಡುತ್ತಾಳೆ. ಛಾವಣಿಯ ಮೇಲೆ ತೆಂಗಿನ ಗರಿ ಹೊದಿಸಿದ್ದಾರೆ, ಅದಕ್ಕೂ ನೀರು. ಹುಳುವಿಗೆ ಬೆವರಿಲ್ಲ, ತನ್ನ ಮೈಬಿಸಿಯನ್ನು ಹಿಡಿದಿಡುವ ಶಕ್ತಿಯಿಲ್ಲ. ಕೋಣೆಯ ಬಿಸಿಯೇ ಅದರ ಮೈಬಿಸಿ.

ನೀರು ಹೊಯ್ಯುವುದಕ್ಕೂ ಮಿತಿಯಿದೆ. ತೇವ ಹೆಚ್ಚಾಗಿ ಗಾಳಿಯಾಡದಿದ್ದರೆ ರೋಗ ಹಿಡಿಯುತ್ತದೆ. ಬೇಸಿಗೆಗೆ ಹಾಲುತೊಂಡೆ, ಸಪ್ಪೆರೋಗ, ಚಳಿ ಮಳೆಗೆ ಸುಣ್ಣಕಟ್ಟು. ಅದಕ್ಕೇ ಹಿಂದಿನಿಂದಲೂ ಹಗಲು ಮುಚ್ಚಿ ತೇವ ಕೊಡು, ಇರುಳು ಬಾಗಿಲು ತೆರೆದು ಹೊರಗಿನ ತಣ್ಣನೆ ಗಾಳಿ ಒಳಗೆ ಬಿಡು ಎಂಬುದು ರೂಢಿ. ಕೆಟ್ಟ ಬೇಸಿಗೆಯಲ್ಲಿ ರಾತ್ರಿ ಹನ್ನೊಂದಕ್ಕೆ ಬಾಗಿಲು ತೆರೆದರೂ ಒಳಬರುವುದು ಬೆಚ್ಚನೆ ಗಾಳಿ. ಮನೆಯವರು ಸರದಿಯಲ್ಲಿ ಎದ್ದು ಸೊಪ್ಪು ಹಾಕುತ್ತಾರೆ, ಗೋಣಿ ನೆನೆಸುತ್ತಾರೆ. ಹುಳು ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆ ಏರುವ ಹೊತ್ತಿಗೆ ಇಡೀ ಮನೆಯ ಕಣ್ಣು ಕೆಂಪಗಿರುತ್ತದೆ. ಆ ನಿದ್ದೆಗೆಟ್ಟ ದುಡಿಮೆಗೆ ಸಿಕ್ಕ ಗೂಡು ತೆಳ್ಳಗಿದ್ದರೆ ಮಾರುಕಟ್ಟೆಯಲ್ಲಿ ಬೆರಳಲ್ಲಿ ಒತ್ತಿ ನೋಡಿದವರು ಏನೂ ಹೇಳದೆ ಮುಂದಿನ ರಾಶಿಗೆ ಹೋಗುತ್ತಾರೆ.

ಇನ್ನು ಘಟ್ಟ ಇಳಿಯೋಣ. ಹೊಸೂರಿನಿಂದ ಕೃಷ್ಣಗಿರಿಗೆ ಹೆದ್ದಾರಿಯಲ್ಲಿ ಐವತ್ತು ಕಿಲೋಮೀಟರ್ ಆಸುಪಾಸು. ಶೂಲಗಿರಿಯ ಹತ್ತಿರ ಟೆಂಪೋಗಳಿಗೆ ಕೊತ್ತಂಬರಿ, ಪುದೀನದ ಕಟ್ಟು ತುಂಬುತ್ತಿರುತ್ತಾರೆ. ಅವರೂ ಬಿಸಿಲೇರುವ ಮುನ್ನ ಬೆಂಗಳೂರು ಸೇರಬೇಕು, ಬಾಡಿದ ಸೊಪ್ಪಿಗೆ ಗಿರಾಕಿಯಿಲ್ಲ. ಅಲ್ಲಿಂದ ಮುಂದೆ ರಸ್ತೆ ಇಳಿಯುತ್ತಾ ಹೋದಂತೆ ಬಸ್ಸಿನ ಕಿಟಕಿಯ ಗಾಳಿ ಬದಲಾಗುತ್ತದೆ, ಮುಖಕ್ಕೆ ಬಡಿಯುವುದು ಒಣ ಝಳ. ಕೃಷ್ಣಗಿರಿ ಇರುವುದು ಸುಮಾರು 500 ಮೀಟರಿನಲ್ಲಿ. ಒಣ ಮಧ್ಯಾಹ್ನದಲ್ಲಿ ನೂರು ಮೀಟರ್ ಇಳಿದರೆ ಹೆಚ್ಚುಕಮ್ಮಿ ಒಂದು ಡಿಗ್ರಿ ಏರುತ್ತದೆ, ಹಾಗಾಗಿ ಒಂದು ಗಂಟೆಯ ದಾರಿಯಲ್ಲಿ ಮೂರು ನಾಲ್ಕು ಡಿಗ್ರಿ ವ್ಯತ್ಯಾಸ. ಸುತ್ತ ಎದ್ದು ನಿಂತ ಬೋಳು ಕಲ್ಲುಬೆಟ್ಟಗಳು ಹಗಲೆಲ್ಲ ಕುಡಿದ ಬಿಸಿಲನ್ನು ಸಂಜೆಯಾದ ಮೇಲೆ ಊರಿನ ಮೇಲೆ ಬಿಡುತ್ತವೆ. ಕೃಷ್ಣಗಿರಿಯ ಕೋಟೆಬೆಟ್ಟದ ಬುಡದ ಬೀದಿಗಳಲ್ಲಿ ರಾತ್ರಿ ಒಂಬತ್ತಕ್ಕೂ ಗೋಡೆಗೆ ಬೆನ್ನು ಕೊಡಲಾಗದು.

ಇಲ್ಲಿ ಎತ್ತ ನೋಡಿದರೂ ಮಾವು. ಕಾವೇರಿಪಟ್ಟಣ, ಪೋಚಂಪಳ್ಳಿ, ಬರಗೂರು, ಸಂತೂರು, ಕೆಂಪು ಮಣ್ಣಿನಲ್ಲಿ ಸಾಲು ಹಿಡಿದ ಕಡು ಹಸಿರು ಮರಗಳು. ಹೆಚ್ಚಿನವು ಗಿಣಿಮೂತಿ, ಅಂದರೆ ತೋತಾಪುರಿ, ತಿರುಳಿನ ಕಾರ್ಖಾನೆಗಳಿಗೆ ಹೋಗುವ ಕಾಯಿ. ಜೊತೆಗೆ ಸೆಂದೂರ, ನೀಲಂ, ಬಾದಾಮಿ. ಬೇಸಿಗೆಯಲ್ಲಿ ಊರಲ್ಲಿ ನಡೆಯುವ ಅಖಿಲ ಭಾರತ ಮಾವು ಪ್ರದರ್ಶನಕ್ಕೆ ಸುತ್ತಲಿನ ಜನ ಜಾತ್ರೆಗೆ ಹೊರಟಂತೆ ಹೊರಡುತ್ತಾರೆ. ಮಾವಿಗೂ ಬೇಕಾದದ್ದು ತಂಪು ರಾತ್ರಿಯೇ. ಡಿಸೆಂಬರ್, ಜನವರಿಯಲ್ಲಿ ಒಣ ಹವೆಯ ಜೊತೆ ರಾತ್ರಿ ಹದಿನೈದು ಡಿಗ್ರಿಯ ಆಸುಪಾಸಿಗೆ ಇಳಿದರೆ ಕೊಂಬೆಯ ತುದಿ ಹೂವಿಗೆ ತಿರುಗುತ್ತದೆ. ಬೆಚ್ಚಗೇ ಉಳಿದರೆ ಹೂ ಬರಬೇಕಾದ ಕಡೆ ಕೆಂಪು ಚಿಗುರು ಬರುತ್ತದೆ. ದಾರಿಹೋಕರ ಕಣ್ಣಿಗೆ ಆ ಚಿಗುರು ಬಲು ಚಂದ, ತೋಟದವನು ಅದನ್ನು ಕಂಡು ಕುಸಿದು ಕೂರುತ್ತಾನೆ. ಇನ್ನು ಹೂ ಬಂದು, ಹೀಚು ಕಟ್ಟಿ, ಮಿಡಿಯಾದ ಮೇಲೆ ಏಪ್ರಿಲ್ ಕಾಯುತ್ತಿರುತ್ತದೆ. ಅಶ್ವಿನಿ, ಭರಣಿ ಮಳೆಗಳು ಒಂದೆರಡು ಹದ ಕೊಟ್ಟರೆ ಮಿಡಿ ನಿಲ್ಲುತ್ತದೆ.

2024ರಲ್ಲಿ ಆ ಹದ ಬರಲಿಲ್ಲ. ಆ ಏಪ್ರಿಲ್‌ನಲ್ಲಿ ಘಟ್ಟದ ಮೇಲಿನ ಬೆಂಗಳೂರಿನಲ್ಲಿ ದಾಖಲಾಗುವಷ್ಟು ಮಳೆಯೇ ಆಗಲಿಲ್ಲ, 28ರಂದು ಅಲ್ಲಿ ಉಷ್ಣತೆ 38.5 ಡಿಗ್ರಿ ಮುಟ್ಟಿತು. 2016ರ ಏಪ್ರಿಲ್ 39.2ಕ್ಕೆ ಏರಿದ್ದನ್ನು ಬಿಟ್ಟರೆ ಅಲ್ಲಿ ಯಾವ ಏಪ್ರಿಲ್‌ನಲ್ಲೂ ಅದಕ್ಕಿಂತ ಹೆಚ್ಚು ದಾಖಲಾದದ್ದಿಲ್ಲ. ಘಟ್ಟದ ಕೆಳಗೆ ನಲವತ್ತರ ಆಚೆ. ಕೃಷ್ಣಗಿರಿಯ ತೋಟಗಳಲ್ಲಿ ಕೊಳವೆಬಾವಿ ಬತ್ತಿದವರು ಟ್ಯಾಂಕರ್ ನೀರು ಕೊಂಡರು. ಕಾಯಿಯ ಆಸೆ ಬಿಟ್ಟು ಮರ ಉಳಿದರೆ ಸಾಕೆಂದು ಬುಡಬುಡಕ್ಕೆ ಪೈಪು ಹಿಡಿದರು. ಮರದಡಿ ಗೋಲಿ ಗಾತ್ರದ ಮಿಡಿಗಳು ಹಾಸಿದಂತೆ ಬಿದ್ದಿದ್ದವು, ತೊಟ್ಟಿನ ಬಳಿ ಸುಕ್ಕುಗಟ್ಟಿ, ಒಂದು ಬದಿ ಬೆಂದು ಕಂದಾಗಿ. ಮರ ನೆಟ್ಟು ಮೂವತ್ತು ವರ್ಷ ಸಾಕಿದವನಿಗೆ ಆ ನೆಲದ ಮೇಲೆ ನಡೆಯುವುದೇ ಕಷ್ಟ, ಕಾಲಡಿ ಟಪ್ ಟಪ್ ಎಂದು ಒಡೆಯುತ್ತವೆ. ಮರುವರ್ಷ, 2025ರಲ್ಲಿ, ಕಾಯಿ ತುಂಬಿ ಬಂತು. ಆದರೆ ಗಿಣಿಮೂತಿಯ ಬೆಲೆ ಕಿಲೋಗೆ ಐದು ರೂಪಾಯಿ ಆಸುಪಾಸಿಗೆ ಕುಸಿದು, ಕಾರ್ಖಾನೆಯ ಗೇಟಿನ ಮುಂದೆ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತವು. ಅದರ ಕತೆಯೇ ಬೇರೆ. ಹಿಂದಿನ ಬೇಸಿಗೆಯ ಟ್ಯಾಂಕರ್ ಸಾಲ ತೀರಿಸಲು ಆ ಬೆಲೆ ಸಾಲದು ಎಂಬುದಷ್ಟೇ ಇಲ್ಲಿಗೆ ಸೇರಿದ ಮಾತು.

ದನಕರುಗಳ ಪಾಡೂ ಇದೇ. ಹೊಸೂರಿನ ಪಕ್ಕದ ಮತ್ತಿಗಿರಿಯಲ್ಲಿ 1824ರಿಂದ ಸರ್ಕಾರಿ ಜಾನುವಾರು ಫಾರಂ ಬೇರೂರಿದೆ. ಈಗ ಮನೆಮನೆಯಲ್ಲಿರುವ ಸೀಮೆಹಸು ತಂಪು ದೇಶದ ರಕ್ತದ್ದು, 25 ಡಿಗ್ರಿ ದಾಟಿದರೆ ಅದಕ್ಕೆ ಇರಿಸುಮುರಿಸು. ಬಾಯಿ ತೆರೆದು ತೇಕುತ್ತದೆ, ಮೇವು ಬಿಡುತ್ತದೆ, ಡೇರಿಗೆ ಹಾಕುವ ಹಾಲು ಇಳಿಯುತ್ತದೆ. ಕಾವೇರಿ ದಂಡೆಯ ಆಲಂಬಾಡಿ ಎತ್ತು ಇದೇ ಬಿಸಿಲನ್ನು ಸಹಿಸಿ ಉಳುತ್ತಿತ್ತು, ಅದರ ಸಂತತಿ ಈಗ ಬಲು ವಿರಳ. ಬನ್ನೇರುಘಟ್ಟದ ಕಡೆಯಿಂದ ಜವಳಗಿರಿ ಕಾಡಿಗೆ ದಾಟುವ ಆನೆಗಳಿಗೂ ಬೇಸಿಗೆಯಲ್ಲಿ ಕುಂಟೆಗಳು ಬತ್ತಿರುತ್ತವೆ, ಅರಣ್ಯದವರು ತೊಟ್ಟಿಗಳಿಗೆ ನೀರು ತುಂಬಿಸುತ್ತಾರೆ, ಆನೆ ಊರ ಕೆರೆಯನ್ನೂ ಹುಡುಕಿ ಬರುತ್ತದೆ.

ಸಂಜೆ ಮತ್ತೆ ಘಟ್ಟ ಹತ್ತಿ ಹೊಸೂರಿಗೆ ಬಂದರೆ ಕೈಗಾರಿಕಾ ವಸಾಹತಿನ ಪಾಳಿ ಬದಲಾಗುವ ಹೊತ್ತು. ಬಸ್ಸುಗಳಿಂದ ಇಳಿದ ಹುಡುಗ ಹುಡುಗಿಯರು, ಒಡಿಶಾ, ಬಿಹಾರ, ಜಾರ್ಖಂಡಿನಿಂದ ಬಂದವರು, ಧರ್ಮಪುರಿಯ ಕಡೆಯವರು, ಗಲ್ಲಿಗಳಲ್ಲಿ ಚದುರಿ ಹೋಗುತ್ತಾರೆ. ತಗಡಿನ ಮಾಡು, ಒಂದೇ ಕಿಟಕಿ, ಒಂದು ಕೋಣೆಗೆ ನಾಲ್ಕೈದು ಜನ. ಹೊರಗೆ ತಂಗಾಳಿ ಎದ್ದರೂ ಒಳಗೆ ತಗಡು ಇನ್ನೂ ಕಾರುತ್ತಿರುತ್ತದೆ. ಗಾಳಿ ಮೈಚರ್ಮಕ್ಕಿಂತ ಬಿಸಿಯಾದ ಮೇಲೆ ಫ್ಯಾನು ಬೆವರು ಆರುವಷ್ಟರ ಮಟ್ಟಿಗೆ ಮಾತ್ರ ಹಿತ. ಮಲಗಿದಾಗ ಮೈಯ ಒಳಬಿಸಿ ಒಂದಿಷ್ಟು ಇಳಿಯಬೇಕು, ಆಗಲೇ ನಿದ್ದೆ ಹತ್ತುತ್ತದೆ, ಹಗಲೆಲ್ಲ ದುಡಿದ ಹೃದಯಕ್ಕೂ ಬಿಡುವು. ಅದು ಸಿಗದೆ ಎರಡು ಮೂರು ರಾತ್ರಿ ಕಳೆದರೆ ಮರುದಿನದ ಅದೇ ಬಿಸಿಲು ಹೆಚ್ಚು ಕೆಡುಕು ಮಾಡುತ್ತದೆ. ತಲೆಸುತ್ತು, ವಾಂತಿ, ಮಾತು ತೊದಲುವುದು, ಮೈಬಿಸಿ 40 ಡಿಗ್ರಿ ದಾಟುವುದು. ಅಲ್ಲಿಗೆ ಬಂದರೆ ಅದು ಬಿಸಿಲಾಘಾತ, ಮೈ ತಣಿಸುತ್ತಾ ಆಸ್ಪತ್ರೆಗೆ ಓಡಬೇಕು. ಕಟ್ಟಡ ಕೆಲಸದ ಹೆಂಗಸರ ಪಾಡು ಇನ್ನೂ ಕಷ್ಟ. ಕೆಲಸದ ಜಾಗದಲ್ಲಿ ಶೌಚಾಲಯವಿಲ್ಲದ್ದಕ್ಕೆ ಅವರು ನೀರನ್ನೇ ಕುಡಿಯದೆ ತಡೆಯುತ್ತಾರೆ, ಸಂಜೆಗೆ ಉರಿಮೂತ್ರ. ಇದನ್ನು ಅವರು ಬಿಸಿಲಿನ ಕಾಯಿಲೆಯೆಂದು ಯಾರಿಗೂ ಹೇಳುವುದಿಲ್ಲ.

ತಮಿಳುನಾಡು ಸರ್ಕಾರ 2024ರ ಅಕ್ಟೋಬರಿನಲ್ಲಿ ಬಿಸಿಗಾಳಿಯನ್ನು ರಾಜ್ಯದ ವಿಪತ್ತೆಂದು ಘೋಷಿಸಿತು, ಅದರಿಂದ ಸತ್ತವರ ಕುಟುಂಬಕ್ಕೆ 4 ಲಕ್ಷ ರೂಪಾಯಿ ಪರಿಹಾರ ಎಂದಿತು. ಒಳ್ಳೆಯ ಹೆಜ್ಜೆ, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಹವಾಮಾನ ಇಲಾಖೆಯ ಲೆಕ್ಕದಲ್ಲಿ ಬಯಲುಸೀಮೆಯ ಊರಿಗೆ ಬಿಸಿಗಾಳಿ ಎನ್ನಬೇಕಾದರೆ ಗರಿಷ್ಠ ಉಷ್ಣತೆ 40 ಮುಟ್ಟಬೇಕು. ಹೊಸೂರಿನಂಥ ಎತ್ತರದ ಊರಿಗೆ ಆ ಗೆರೆ ದಾಟುವ ದಿನ ಬರುವುದೇ ಅಪರೂಪ. ಬೆಚ್ಚನೆ ರಾತ್ರಿ ಎಂಬ ಎಚ್ಚರಿಕೆಯೊಂದು ಇಲಾಖೆಯಲ್ಲಿದೆ, ಅದನ್ನು ಕೊಡುವುದೂ ಹಗಲು 40 ತಲುಪಿದ್ದರೆ ಮಾತ್ರ. 37 ಡಿಗ್ರಿಯಲ್ಲಿ ಹೂ ಕೆಟ್ಟು, ಹುಳು ಸತ್ತು, ತಗಡಿನ ಕೋಣೆಯಲ್ಲಿ ಮಗು ರಾತ್ರಿಯಿಡೀ ಅತ್ತ ಊರಿಗೆ ಕಾಗದದ ಮೇಲೆ ಏನೂ ಆಗಿಲ್ಲ. ಹುಳುಮನೆಯ ಗೋಡೆಯಲ್ಲಿರುವ ಉಷ್ಣಮಾಪಕ ಈ ಕೂಲಿಕೋಣೆಗಳಲ್ಲಿ, ಅಂಗನವಾಡಿಗಳಲ್ಲಿ ಇಲ್ಲ. ಅಲ್ಲೂ ತೂಗುಹಾಕಲಿ. ರಾತ್ರಿ ಹನ್ನೊಂದಕ್ಕೆ ಅದು ಎಷ್ಟು ತೋರಿಸಿತೆಂದು ಯಾರಾದರೂ ಬರೆದಿಡಲಿ. ಮಾರ್ಚ್ ಬರುವ ಮೊದಲೇ ತಗಡಿನ ಮೇಲೆ ದಪ್ಪಗೆ ಸುಣ್ಣ ಬಳಿಯುವುದು, ಇರುವ ಕಿಟಕಿಗೆ ಎದುರಾಗಿ ಇನ್ನೊಂದು ಕಿಟಕಿ ಒಡೆಯುವುದು, ಕೆಲಸದ ಜಾಗದಲ್ಲಿ ಹೆಂಗಸರಿಗೊಂದು ಬಾಗಿಲಿರುವ ಶೌಚಾಲಯ ಕಟ್ಟುವುದು, ಇವಕ್ಕೆ ಯಾವ ಘೋಷಣೆಗೂ ಕಾಯಬೇಕಾಗಿಲ್ಲ.