ಕಸರತ್ತಿನ ಮಾಸ್ತರರ ಕೀರ್ತಿ

ನಮ್ಮ ಶಾಲೆಗಳಲ್ಲಿ ಗಣಿತದ ಮಾಸ್ತರರಿಗಿರುವ ಮನ್ನಣೆಯು ಕಸರತ್ತಿನ ಮಾಸ್ತರರಿಗೆ ಇರುವುದಿಲ್ಲವೆಂಬುದು ವಾಚಕರೆಲ್ಲರೂ ಬಲ್ಲ ಸಂಗತಿ. ಪರೀಕ್ಷೆಯು ಸಮೀಪಿಸಿತೆಂದರೆ ಮೊದಲು ಬಲಿಯಾಗುವುದು ಅವರ ತಾಸು. ಉತ್ಸವದ ಚಪ್ಪರ ಹಾಕಿಸುವುದು, ಮೆರವಣಿಗೆಯಲ್ಲಿ ಹುಡುಗರ ಸಾಲು ಹಿಡಿಸುವುದು, ಗದ್ದಲದವರನ್ನು ಹದ್ದುಬಸ್ತಿನಲ್ಲಿಡುವುದು, ಇಷ್ಟೇ ಅವರ ಕರ್ತವ್ಯವೆಂದು ಊರ ಜನರು ತಿಳಿದಿರುತ್ತಾರೆ. ಆದರೆ ಇಂತಹದೇ ವೃತ್ತಿಯ ಶಿಕ್ಷಕರೊಬ್ಬರು ಭಾರತದ ಕಾಲ್ಚೆಂಡಾಟವನ್ನು ಎರಡು ಸಲ ಏಷ್ಯಖಂಡದ ಅಗ್ರಪೀಠಕ್ಕೇರಿಸಿದರು. ನಮ್ಮ ಕಲಬುರಗಿಯು ಒಂದು ಕಾಲಕ್ಕೆ ಯಾವ ಹೈದರಾಬಾದ ಸಂಸ್ಥಾನಕ್ಕೆ ಸೇರಿತ್ತೋ ಅದೇ ಸಂಸ್ಥಾನದ ಪ್ರಜೆಯಾಗಿದ್ದ ಅವರ ಹೆಸರು ಸಯ್ಯದ್ ಅಬ್ದುಲ್ ರಹೀಮ.

ರಹೀಮ ಸಾಹೇಬರು ಹುಟ್ಟಿದ್ದು ೧೯೦೯ನೆಯ ಇಸವಿಯ ಆಗಸ್ಟ್ ೧೭ರಂದು, ಹೈದರಾಬಾದ ನಗರದಲ್ಲಿ. ಓದಿದ್ದು ೧೯೧೮ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ. ಆಗ ಸಂಸ್ಥಾನಕ್ಕೆಲ್ಲ ಅದೊಂದೇ ವಿಶ್ವವಿದ್ಯಾಲಯವಾದುದರಿಂದ ಕಲಬುರಗಿ, ರಾಯಚೂರು, ಬೀದರ ಜಿಲ್ಲೆಗಳ ತರುಣರಿಗೂ ಉಚ್ಚಶಿಕ್ಷಣದ ಬಾಗಿಲು ಅದೇ ಆಗಿದ್ದಿತು. ಪದವಿ ಪಡೆದ ಬಳಿಕ ರಹೀಮರು ಕಾಚಿಗುಡಾದ ಮಾಧ್ಯಮಿಕ ಶಾಲೆಯಲ್ಲಿ ಶಿಕ್ಷಕರಾದರು. ಆಮೇಲೆ ಶಾರೀರಿಕ ಶಿಕ್ಷಣದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ದಾರುಲ್ ಉಲೂಮ್ ಮತ್ತು ಚಾದರಘಾಟ ಹಾಯಸ್ಕೂಲುಗಳಲ್ಲಿ ಆಟಪಾಟಗಳ ಹೊಣೆ ಹೊತ್ತರು. ೧೯೪೩ರಲ್ಲಿ ಹೈದರಾಬಾದ ಕಾಲ್ಚೆಂಡು ಸಂಘದ ಕಾರ್ಯದರ್ಶಿತ್ವವು ಅವರಿಗೆ ಬಂದಿತು. ಕೊನೆಯುಸಿರಿನವರೆಗೂ ಅವರು ಆ ಭಾರವನ್ನು ಇಳಿಸಲಿಲ್ಲ.

ಅವರ ಪಾಠಕ್ರಮವು ಗಮನಿಸತಕ್ಕದ್ದು. ಒಬ್ಬನೇ ಚೆಂಡನ್ನು ಹಿಡಿದು ಮೈದಾನದ ತುಂಬ ಕುಣಿಸುತ್ತ ಚಪ್ಪಾಳೆ ಗಿಟ್ಟಿಸುವ ಚಾಳಿಯು ಆಗಿನ ಆಟಗಾರರಲ್ಲಿ ಬಲವಾಗಿದ್ದಿತು. ಇದನ್ನು ಬಿಡಿಸಲು ರಹೀಮರು ಬೈಗುಳದ ಮೊರೆಹೋಗಲಿಲ್ಲ. ಚೆಂಡನ್ನು ಕುಣಿಸದೆ ಒಡನೆಯೇ ಜೊತೆಗಾರನಿಗೆ ದಾಟಿಸಬೇಕೆಂಬ ಕಟ್ಟಳೆಯ ಪಂದ್ಯಗಳನ್ನು ಏರ್ಪಡಿಸಿದರು. ಪಳಗದ ಕಾಲಿನಿಂದಲೇ ಚೆಂಡನ್ನು ಒದೆಯಬೇಕೆಂಬ ಪಂದ್ಯಗಳನ್ನೂ ಆಡಿಸಿದರು. ಇವುಗಳಿಗೆ ವಿಶೇಷ ವೆಚ್ಚವೇನೂ ತಗಲುವುದಿಲ್ಲ. ಬೇಕಾದುದು ಒಂದು ಚೆಂಡು, ಒಂದು ಬಯಲು, ಮತ್ತು ಯೋಚಿಸಬಲ್ಲ ಒಬ್ಬ ಗುರು.

೧೯೫೦ರಲ್ಲಿ ಅವರು ಹೈದರಾಬಾದ ನಗರ ಪೋಲೀಸರ ತಂಡಕ್ಕೆ ಗುರುವಾದರು. ಆ ವರ್ಷದಿಂದ ೧೯೫೪ರವರೆಗೆ ಎಡೆಬಿಡದೆ ಐದು ವರ್ಷ ಮುಂಬಯಿಯ ರೋವರ್ಸ್ ಕಪ್ಪು ಆ ತಂಡದ್ದೇ ಆಯಿತು. ಅಷ್ಟರಲ್ಲಿ ದೇಶದ ತಂಡವೂ ಅವರ ಕೈಗೆ ಬಂದಿದ್ದಿತು. ೧೯೫೧ರಲ್ಲಿ ದಿಲ್ಲಿಯಲ್ಲಿ ಜರುಗಿದ ಮೊದಲನೆಯ ಏಷ್ಯನ್ ಕ್ರೀಡೆಗಳ ಅಂತಿಮ ಪಂದ್ಯದಲ್ಲಿ ಭಾರತವು ಇರಾನನ್ನು ಒಂದು ಗೋಲಿನಿಂದ ಸೋಲಿಸಿ ಸುವರ್ಣಪದಕವನ್ನು ಗಳಿಸಿತು. ಮರುವರ್ಷ ಹೆಲ್ಸಿಂಕಿಯಲ್ಲಿ ಗರ್ವಭಂಗವೂ ಆಯಿತು. ನಮ್ಮವರಲ್ಲಿ ಹಲವರು ಬರಿಗಾಲಿನಲ್ಲಿಯೇ ಆಡಿ ಯುಗೋಸ್ಲಾವಿಯಕ್ಕೆ ೧-೧೦ರಿಂದ ಸೋತರು. ಸೋಲಿನಿಂದ ಪಾಠ ಕಲಿಯುವುದೇ ಶಿಕ್ಷಕನ ಲಕ್ಷಣ. ಬೂಟು ಧರಿಸುವುದು ಕಡ್ಡಾಯವಾಯಿತು; ರಹೀಮರು ವ್ಯೂಹವನ್ನು ಹೊಸದಾಗಿ ಕಟ್ಟಿದರು.

ಅದರ ಫಲವು ೧೯೫೬ರಲ್ಲಿ ಮೆಲ್ಬೋರ್ನಿನಲ್ಲಿ ಕಂಡಿತು. ಆ ವರ್ಷದ ನವೆಂಬರ್ ೧ರಂದು ಕಲಬುರಗಿಯು ಹೈದರಾಬಾದನ್ನು ಬಿಟ್ಟು ವಿಶಾಲ ಮೈಸೂರಿಗೆ ಸೇರಿತು. ಕನ್ನಡಿಗರ ಬಹುಕಾಲದ ಹಂಬಲವು ಕೈಗೂಡಿತು. ಸರಿಯಾಗಿ ಒಂದು ತಿಂಗಳಿಗೆ, ಡಿಸೆಂಬರ್ ೧ರಂದು, ನಾವು ಆಗಷ್ಟೇ ಅಗಲಿದ್ದ ಆ ನಗರದ ಶಿಕ್ಷಕರ ಶಿಷ್ಯರು ಆಸ್ಟ್ರೇಲಿಯವನ್ನು ಅದರ ನೆಲದಲ್ಲಿಯೇ ೪-೨ರಿಂದ ಮಣಿಸಿದರು. ನೆವಿಲ್ ಡಿಸೋಜಾ ಒಬ್ಬರೇ ಮೂರು ಗೋಲು ಹೊಡೆದರು. ಒಲಿಂಪಿಕ್ ಕಾಲ್ಚೆಂಡಾಟದ ಉಪಾಂತ್ಯಕ್ಕೆ ಏಷ್ಯದ ತಂಡವೊಂದು ತಲುಪಿದ್ದು ಅದೇ ಮೊದಲು. ಭಾರತಕ್ಕೆ ನಾಲ್ಕನೆಯ ಸ್ಥಾನ ದೊರೆಯಿತು.

ರಹೀಮರ ಕೊನೆಯ ವಿಜಯವು ೧೯೬೨ರ ಜಕಾರ್ತಾದಲ್ಲಿ. ಇಸ್ರೇಲ್ ಮತ್ತು ತೈವಾನ್‌ಗಳನ್ನು ಕ್ರೀಡೆಗಳಿಂದ ಹೊರಗಿಟ್ಟುದನ್ನು ಭಾರತದ ಕ್ರೀಡಾಧುರೀಣರಾದ ಸೋಂಧಿಯವರು ಆಕ್ಷೇಪಿಸಿದ್ದರಿಂದ ಅಲ್ಲಿಯ ಜನರು ನಮ್ಮವರ ಮೇಲೆ ಕೆರಳಿದ್ದರು. ಮೊದಲ ಪಂದ್ಯದಲ್ಲಿಯೇ ದಕ್ಷಿಣ ಕೊರಿಯವು ನಮ್ಮನ್ನು ೨-೦ರಿಂದ ಸೋಲಿಸಿದ್ದಿತು. ಮುಂದೆ ರಕ್ಷಣೆಯ ಆಧಾರಸ್ತಂಭವಾದ ಜರ್ನೈಲ್ ಸಿಂಗರ ತಲೆಗೆ ಪೆಟ್ಟಾಗಿ ಹೊಲಿಗೆ ಬಿದ್ದವು. ರಹೀಮರು ಅವರನ್ನು ಕೂಡ್ರಿಸಲಿಲ್ಲ. ಹಿಂದಿನ ಸಾಲಿನಿಂದ ತೆಗೆದು ಮುಂದಿನ ಸಾಲಿನಲ್ಲಿ ಆಡಿಸಿದರು. ಉಪಾಂತ್ಯದಲ್ಲಿಯೂ ಅಂತಿಮ ಪಂದ್ಯದಲ್ಲಿಯೂ ಜರ್ನೈಲರು ಗೋಲು ಹೊಡೆದರು. ಸೆಪ್ಟೆಂಬರ್ ೪ರಂದು, ಲಕ್ಷದಷ್ಟು ಜನರ ಕೂಗಾಟದ ನಡುವೆ, ಅದೇ ಕೊರಿಯವನ್ನು ೨-೧ರಿಂದ ಸೋಲಿಸಿ ಭಾರತವು ಎರಡನೆಯ ಸುವರ್ಣಪದಕವನ್ನು ಪಡೆಯಿತು. ಆ ತಂಡದಲ್ಲಿ ಸಿಕಂದರಾಬಾದಿನ ಬಡ ಮನೆತನದಿಂದ ಬಂದು ರಹೀಮರ ಕಣ್ಣಿಗೆ ಬಿದ್ದ ತುಳಸೀದಾಸ ಬಲರಾಮರಿದ್ದರು. ನಮ್ಮ ಬೆಂಗಳೂರಿನ ಅರುಮೈನಾಯಗಂ ಅವರೂ ಇದ್ದರು.

ಒಂಬತ್ತು ತಿಂಗಳು ಕಳೆದವು. ೧೯೬೩ರ ಜೂನ್ ೧೧ರಂದು ಅರ್ಬುದರೋಗವು ರಹೀಮರನ್ನು ಒಯ್ದಿತು. ಅವರಿಗಾಗ ಐವತ್ತಮೂರು ವರ್ಷ. ೧೯೬೦ರ ರೋಮಿನ ತರುವಾಯ ಭಾರತದ ಕಾಲ್ಚೆಂಡು ತಂಡವು ಒಲಿಂಪಿಕ್ ಕ್ರೀಡೆಗಳ ಮುಖವನ್ನೇ ಕಂಡಿಲ್ಲ. ಜಕಾರ್ತಾದ ತರುವಾಯ ಏಷ್ಯನ್ ಕ್ರೀಡೆಗಳಲ್ಲಿ ಸುವರ್ಣವನ್ನೂ ಕಂಡಿಲ್ಲ. ೨೦೨೪ರಲ್ಲಿ ಅವರ ಜೀವನವನ್ನಾಧರಿಸಿದ ಹಿಂದೀ ಚಲನಚಿತ್ರವು ಹೊರಬರುವವರೆಗೆ ಅವರ ಹೆಸರನ್ನೇ ಕೇಳದವರು ಎಷ್ಟು ಮಂದಿ!

ಪರದೇಶದ ಒಂದು ದೃಷ್ಟಾಂತವನ್ನು ಇಲ್ಲಿ ನೆನೆಯುವುದು ಉಚಿತ. ಅಮೆರಿಕದ ಲೂಸಿಯಾನಾ ಪ್ರಾಂತದ ಗ್ರಾಂಬ್ಲಿಂಗ್ ಎಂಬ ಚಿಕ್ಕ ಊರಿನಲ್ಲಿ, ವರ್ಣಭೇದದ ಶಾಸನಗಳ ಕಾಲದಲ್ಲಿ ಕಪ್ಪು ಜನರಿಗಾಗಿ ನಡೆಯುತ್ತಿದ್ದ ಸಣ್ಣ ವಿದ್ಯಾಲಯವೊಂದಕ್ಕೆ ೧೯೪೧ರಲ್ಲಿ ಎಡ್ಡಿ ರಾಬಿನ್ಸನ್ ಎಂಬ ತರುಣನು ಆಟದ ಗುರುವಾಗಿ ಬಂದನು. ಅವರ ಫುಟ್‌ಬಾಲ್ ಆಟವು ಬೇರೆ ಬಗೆಯದು. ಚೆಂಡನ್ನು ಕೈಯಲ್ಲಿ ಹಿಡಿದು ಓಡುವಂತಹದು. ಮೈದಾನದ ಹುಲ್ಲು ಕತ್ತರಿಸುವುದರಿಂದ ಹಿಡಿದು ಎಲ್ಲವನ್ನೂ ತಾನೇ ಮಾಡುತ್ತ ಆತನು ೧೯೯೭ರವರೆಗೆ ಅಲ್ಲಿಯೇ ನಿಂತನು. ೪೦೮ ಪಂದ್ಯಗಳನ್ನು ಗೆಲ್ಲಿಸಿದನು. ಇನ್ನೂರಕ್ಕೂ ಮಿಕ್ಕಿ ಶಿಷ್ಯರನ್ನು ವೃತ್ತಿಪರ ತಂಡಗಳಿಗೆ ಕಳುಹಿದನು. ಇಂದು ಅಲ್ಲಿಯ ಕ್ರೀಡಾಂಗಣಕ್ಕೆ ಆತನ ಹೆಸರೇ ಇದೆ. ರಹೀಮರಿಗೂ ರಾಬಿನ್ಸನ್ನರಿಗೂ ಸಮಾನವಾದುದು ಒಂದೇ: ಒಂದೇ ಕೆಲಸದಲ್ಲಿ ವರ್ಷಗಟ್ಟಲೆ ನೆಲೆ ನಿಲ್ಲುವ ಅವಕಾಶ.

ಈ ಅವಕಾಶವನ್ನು ನಾವು ನಮ್ಮ ಶಿಕ್ಷಕರಿಗೆ ಕೊಟ್ಟಿದ್ದೇವೆಯೇ? ೨೦೧೨ರ ಸಂವಿಧಾನ ತಿದ್ದುಪಡಿಯಿಂದ ೩೭೧(ಜೆ) ವಿಧಿಯು ನಮ್ಮ ಪ್ರಾಂತಕ್ಕೆ ವಿಶೇಷ ಸ್ಥಾನವನ್ನು ಕೊಟ್ಟಿತು. ಪ್ರದೇಶಾಭಿವೃದ್ಧಿ ಮಂಡಳಿಯ ಕಚೇರಿಯು ಕಲಬುರಗಿಯಲ್ಲಿಯೇ ಇದೆ. ಕಟ್ಟಡಗಳ ಲೆಕ್ಕ ಇಡುವವರಿಗೆ ಕೊರತೆಯಿಲ್ಲ. ಆದರೆ ಶಾಲೆಯ ಬಯಲು ಎಷ್ಟು ಉಳಿದಿದೆ, ಅದರ ಮೇಲೆ ನಿಂತ ಶಿಕ್ಷಕನಿಗೆ ವಾರಕ್ಕೆಷ್ಟು ತಾಸು ನಿಜವಾಗಿ ದಕ್ಕುತ್ತದೆ, ಜನಗಣತಿ, ಚುನಾವಣೆ, ದಾಖಲೆಪತ್ರಗಳ ಕೆಲಸವು ಅವುಗಳಲ್ಲಿ ಎಷ್ಟನ್ನು ನುಂಗುತ್ತದೆ ಎಂಬುದರ ಲೆಕ್ಕವೂ ಬೇಕು. ವಿಸ್ತಾರವಾದ ಕ್ರೀಡಾಂಗಣವನ್ನು ಕಟ್ಟಿಸಿ ಶಿಲಾಫಲಕ ನಿಲ್ಲಿಸುವುದು ಸುಲಭ. ಕಸರತ್ತಿನ ತಾಸನ್ನು ಪರೀಕ್ಷೆಯ ತಿಂಗಳಲ್ಲಿಯೂ ಕಾಯುವುದು ಕಠಿಣ. ನಮ್ಮ ಅಧಿಕಾರಿವರ್ಗದವರೂ ಶಾಲಾ ಮಂಡಳಿಗಳವರೂ ಕಠಿಣವಾದುದನ್ನೇ ಮೊದಲು ಕೈಕೊಳ್ಳಬೇಕೆಂದು ನಮ್ಮ ವಿನಂತಿ.

ಕೆಂಬಾಳೆಗೆ ಹೆಸರಾದ ಕಮಲಾಪುರದ ಯಾವ ಬಯಲಿನಲ್ಲಿ ಮತ್ತೊಬ್ಬ ಬಲರಾಮನು ಚೆಂಡು ಒದೆಯುತ್ತಿರುವನೋ ಬಲ್ಲವರಾರು? ಅವನನ್ನು ಗುರುತಿಸಬಲ್ಲ ಕಣ್ಣು ಕಸರತ್ತಿನ ಮಾಸ್ತರರದು. ಆ ಕಣ್ಣು ಕಚೇರಿಯ ಕಡತದ ಮೇಲಿರದೆ ಬಯಲಿನ ಮೇಲಿರುವಂತೆ ನೋಡಿಕೊಳ್ಳುವುದು ನಮ್ಮೆಲ್ಲರ ಕೆಲಸ.