ನಿಮಗಿದು ಗೊತ್ತೇ? ಗಾಡಿಯ ಪಿಕಪ್ಪು, ಆವರೇಜು ಮತ್ತು ಡೈನೊ

ಹೊಸ ಬೈಕಿನ ಪ್ರಮಾಣಿತ ಮೈಲೇಜು ರಸ್ತೆಯ ಮೇಲೆ ಅಳೆದದ್ದಲ್ಲ! ಪ್ರಯೋಗಾಲಯದ ಕೋಣೆಯಲ್ಲಿ, ಗಾಡಿಯ ಹಿಂದಿನ ಚಕ್ರವನ್ನು ಉಕ್ಕಿನ ಉರುಳೆಯ ಮೇಲಿಟ್ಟು, ನಿಂತಲ್ಲೇ ಓಡಿಸಿ ಅಳೆದದ್ದು. ಈ ಸಾಧನದ ಹೆಸರು ಡೈನಮೋಮೀಟರ್. ಟ್ಯೂನಿಂಗ್ ಮಾಡುವವರ ಬಾಯಲ್ಲಿ ಅದು ಡೈನೊ. ನಮ್ಮ ದೇಶದಲ್ಲಿ ಬಹುಕಾಲ ನಡೆದ 'ಇಂಡಿಯನ್ ಡ್ರೈವಿಂಗ್ ಸೈಕಲ್' ಪರೀಕ್ಷೆಯ ಒಂದು ಸುತ್ತು 108 ಸೆಕೆಂಡಿನದು. ಅದರಲ್ಲಿ ಗಾಡಿ ಮುಟ್ಟುತ್ತಿದ್ದ ಗರಿಷ್ಠ ವೇಗ ಗಂಟೆಗೆ 42 ಕಿ.ಮೀ., ಸರಾಸರಿ ವೇಗ 22 ಕಿ.ಮೀ.ಗಿಂತ ತುಸು ಕಡಿಮೆ. ಇಳಕಲ್ಲಿನಿಂದ ಹುನಗುಂದ ದಾಟಿ ರಾಷ್ಟ್ರೀಯ ಹೆದ್ದಾರಿ 50ರಲ್ಲಿ 80ರ ವೇಗದಲ್ಲಿ ಹೋಗುವವರಿಗೆ ಆ ಮೈಲೇಜು, ಅಂದರೆ ಆವರೇಜು, ಬರದಿದ್ದರೆ ತಪ್ಪು ಗಾಡಿಯದಲ್ಲ, ಮೆಕ್ಯಾನಿಕ್‌ನದೂ ಅಲ್ಲ.

ಒಂದು ಅಶ್ವಶಕ್ತಿ ಎಂದರೆ 746 ವ್ಯಾಟ್. ಜೇಮ್ಸ್ ವ್ಯಾಟ್ ತನ್ನ ಉಗಿಯಂತ್ರ ಮಾರಲು ಕಟ್ಟಿದ ಲೆಕ್ಕವಿದು. ನಮ್ಮ ಬೈಕುಗಳ ಕೈಪಿಡಿಯಲ್ಲಿ 'ಪಿಎಸ್' ಎಂದಿದ್ದರೆ ಅದು ಮೆಟ್ರಿಕ್ ಅಶ್ವಶಕ್ತಿ, 735.5 ವ್ಯಾಟ್. ಎರಡು ಬೈಕುಗಳನ್ನು ಹೋಲಿಸುವ ಮೊದಲು ಯಾವ ಅಳತೆ ಎಂದು ನೋಡಿಕೊಳ್ಳಿ.

ಶಕ್ತಿ ಅಳೆಯುವ ಬ್ರೇಕನ್ನು ಫ್ರಾನ್ಸಿನ ಗಾಸ್ಪಾರ್ ದ ಪ್ರೋನಿ ರೂಪಿಸಿದ್ದು 1821ರಲ್ಲಿ. ಹಡಗಿನ ಎಂಜಿನ್ ಅಳೆಯಲು ಇಂಗ್ಲೆಂಡಿನ ವಿಲಿಯಂ ಫ್ರೂಡ್ ನೀರಿನ ಬ್ರೇಕ್ ತಯಾರಿಸಿದ್ದು 1877ರಲ್ಲಿ. ಪೆಟ್ರೋಲ್ ಮೋಟರ್ ಸೈಕಲ್ ಆಗಿನ್ನೂ ಹುಟ್ಟಿರಲಿಲ್ಲ!

ಡೈನೊದ ಅಜ್ಜನನ್ನು ನೋಡಬೇಕೆಂದರೆ ಬೆಂಗಳೂರಿಗೆ ಹೋಗಬೇಕಿಲ್ಲ. ಬಾಗಲಕೋಟೆಯಲ್ಲೇ 1963ರಲ್ಲಿ ಶುರುವಾದ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜು ಇದೆ. ಅಲ್ಲಾಗಲಿ ಬೇರೆಲ್ಲೇ ಆಗಲಿ, ಮೆಕ್ಯಾನಿಕಲ್ ಓದಿದವರನ್ನು 'ಹಗ್ಗದ ಬ್ರೇಕ್' ಎಂದರೇನೆಂದು ಕೇಳಿ. ಎಂಜಿನ್ನಿನ ಡ್ರಮ್ಮಿಗೆ ಹಗ್ಗ ಸುತ್ತಿರುತ್ತದೆ. ಒಂದು ತುದಿಗೆ ತೂಕದ ಕಲ್ಲು, ಇನ್ನೊಂದು ತುದಿಗೆ ಸ್ಪ್ರಿಂಗ್ ತಕ್ಕಡಿ. ಡ್ರಮ್ಮು ಕಾಯದಂತೆ ಅದರ ಒಳಅಂಚಿಗೆ ನೀರು ಬಿಡುತ್ತಾರೆ. ತೂಕದಲ್ಲಿ ತಕ್ಕಡಿಯ ಅಂಕಿ ಕಳೆದು 15 ಕಿಲೋ ಉಳಿಯಿತು, ಡ್ರಮ್ಮಿನ ತ್ರಿಜ್ಯ 15 ಸೆಂ.ಮೀ. ಎನ್ನಿ. ತಿರುಚುಬಲ, ಅಂದರೆ ಟಾರ್ಕ್, 22 ನ್ಯೂಟನ್ ಮೀಟರ್. ಎಂಜಿನ್ ನಿಮಿಷಕ್ಕೆ 1500 ಸುತ್ತು ತಿರುಗುತ್ತಿದ್ದರೆ ಶಕ್ತಿ ಸುಮಾರು 3.5 ಕಿಲೋವ್ಯಾಟ್, ಅಂದರೆ ಐದು ಎಚ್‌ಪಿಗೆ ಸ್ವಲ್ಪ ಕಡಿಮೆ. ಲಕ್ಷಗಟ್ಟಲೆ ಬೆಲೆಯ ಡೈನೊ ಒಳಗೊಳಗೇ ಮಾಡುವುದೂ ಇದೇ ಗುಣಾಕಾರವನ್ನು.

ಇಂಥ ಕಾಲೇಜುಗಳ ಪ್ರಯೋಗಾಲಯಗಳಲ್ಲಿ ಸಾಮಾನ್ಯವಾಗಿ ಕಾಣುವ ಕಿರ್ಲೋಸ್ಕರ್ ಎಂಜಿನ್ ಹಿಂದೆ ನಮ್ಮ ಸೀಮೆಯದೇ ಒಂದು ಕಥೆಯಿದೆ. ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಉದ್ಯಮ ಶುರುಮಾಡಿದ್ದು 1888ರಲ್ಲಿ, ಬೆಳಗಾವಿಯ ಒಂದು ಸೈಕಲ್ ಅಂಗಡಿಯಿಂದ.

ಡೈನೊ ಮೇಲೆ ಗಾಡಿ ಏರಿದಾಗ ನಡೆಯುವುದೇನು? ಮುಂದಿನ ಚಕ್ರವನ್ನು ಕಚ್ಚಿನಲ್ಲಿ ಬಿಗಿಯುತ್ತಾರೆ. ಎರಡೂ ಬದಿಗೆ ಬೆಲ್ಟು ಎಳೆದು ಕಟ್ಟುತ್ತಾರೆ. ಎಂಜಿನ್ ಎದುರು ದೊಡ್ಡ ಫ್ಯಾನು. ಪ್ಲಗ್ಗಿನ ವೈರಿಗೆ ಸುತ್ತು ಎಣಿಸುವ ಕ್ಲಿಪ್ಪು, ಸೈಲೆನ್ಸರಿನೊಳಗೆ ಆಮ್ಲಜನಕ ಅಳೆಯುವ ಸೆನ್ಸರು. ಸಾಮಾನ್ಯವಾಗಿ ನಾಲ್ಕನೇ ಗೇರಿಗೆ ಹಾಕಿ, ಕಡಿಮೆ ಸುತ್ತಿನಿಂದ ಎಕ್ಸಲೇಟರ್ ಪೂರ್ತಿ ತಿರುವಿ ಕೆಂಪು ಗೆರೆಯವರೆಗೆ ಬಿಡುತ್ತಾರೆ. ಕೆಲವೇ ಸೆಕೆಂಡಿನ ಆಟ. ಉರುಳೆಯ ತೂಕ ಮೊದಲೇ ಗೊತ್ತು. ಅದು ಎಷ್ಟು ಬೇಗ ವೇಗ ಹಿಡಿಯಿತು ಎಂಬುದರಿಂದ ಕಂಪ್ಯೂಟರ್ ಶಕ್ತಿಯ ಲೆಕ್ಕ ಹಾಕಿ ಪರದೆಯ ಮೇಲೆ ಗೆರೆ ಎಳೆಯುತ್ತದೆ. ಆ ಗೆರೆ ಎಲ್ಲಿ ಏರಿತು, ಎಲ್ಲಿ ಕುಸಿಯಿತು ಎಂದು ಓದುವುದೇ ಟ್ಯೂನರ್‌ನ ನಿಜವಾದ ವಿದ್ಯೆ.

ಕೈಪಿಡಿಯಲ್ಲಿರುವುದು ಎಂಜಿನ್ನಿನ ಶಕ್ತಿ, ಉರುಳೆ ತೋರಿಸುವುದು ಚಕ್ರದ ಶಕ್ತಿ. ಗೇರು, ಚೈನು, ಟೈರು ತಿಂದು ಹಾಕುವ ಪಾಲು ಸಾಮಾನ್ಯವಾಗಿ ಶೇ 10ರಿಂದ 15. ಡೈನೊದಲ್ಲಿ ಅಂಕಿ ಕಡಿಮೆ ಬಂದರೆ ಗಾಬರಿಯಾಗಬೇಡಿ.

ನಮ್ಮ ಹಳ್ಳಿ ಹಳ್ಳಿಯಲ್ಲೂ ಇರುವ ಸ್ಪ್ಲೆಂಡರ್ 97.2 ಸಿಸಿ ಗಾಡಿ. ಅದರ ಗರಿಷ್ಠ ಟಾರ್ಕ್ 8.05 ನ್ಯೂಟನ್ ಮೀಟರ್ ಸಿಗುವುದು 6000 ಸುತ್ತಿನಲ್ಲಿ, ಗರಿಷ್ಠ ಶಕ್ತಿ 8.02 ಪಿಎಸ್ ಸಿಗುವುದು 8000 ಸುತ್ತಿನಲ್ಲಿ. ಲೆಕ್ಕ ಹಾಕಿ ನೋಡಿದರೆ 8000ಕ್ಕೆ ಬರುವಷ್ಟರಲ್ಲಿ ಟಾರ್ಕ್ 7ಕ್ಕೆ ಇಳಿದಿರುತ್ತದೆ! ಎಳೆಯುವ ಬಲ ಕಡಿಮೆಯಾದರೂ ಸುತ್ತು ಹೆಚ್ಚಾದ್ದರಿಂದ ಶಕ್ತಿಯ ಅಂಕಿ ಏರುತ್ತದೆ. ಇಳಕಲ್ ಸೀರೆಯ ಗಂಟು ಹಿಂದೆ ಕಟ್ಟಿಕೊಂಡು ಸಂತೆಗೆ ಹೊರಟವರಿಗೆ ಬೇಕಾದದ್ದು 8000ದ ಅಬ್ಬರವಲ್ಲ, ಕೆಳಗಿನ ಮತ್ತು ನಡುವಿನ ಸುತ್ತಿನ ಟಾರ್ಕು.

ಸಮತಟ್ಟಾದ ರಸ್ತೆ, ಒಬ್ಬನೇ ಸವಾರ, ಗಾಳಿ ಇಲ್ಲ, ವೇಗ 50. ಆಗ ಗಾಡಿಗೆ ಬೇಕಾದ ಶಕ್ತಿ ಸುಮಾರು ಎರಡು ಅಶ್ವಶಕ್ತಿ ಮಾತ್ರ! ಉಳಿದ ಆರು ಸುಮ್ಮನೆ ಕೂತಿರುತ್ತವೆ. ವೇಗವನ್ನು 50ರಿಂದ 80ಕ್ಕೆ ಏರಿಸಿದರೆ ಗಾಳಿಯ ತಡೆ ಎರಡೂವರೆ ಪಟ್ಟು ಹೆಚ್ಚುತ್ತದೆ, ಆ ತಡೆ ಮೀರಲು ಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಆವರೇಜು ಕೊಲ್ಲುವ ಮೊದಲ ವೈರಿ ನಮ್ಮ ಬಲಗೈ.

ಎರಡನೆಯದು ಆಷಾಢದ ಗಾಳಿ. ಹುನಗುಂದದಿಂದ ಬಾಗಲಕೋಟೆಗೆ ಹೋಗುವುದೆಂದರೆ ಪಶ್ಚಿಮಕ್ಕೆ ಹೋಗುವುದು, ಮುಂಗಾರಿನ ಗಾಳಿ ಬರುವುದೂ ಪಶ್ಚಿಮದಿಂದಲೇ. ಎದುರುಗಾಳಿ ಗಂಟೆಗೆ 20 ಕಿ.ಮೀ. ಇದ್ದರೆ 50ರ ವೇಗದ ಗಾಡಿಗೆ ಬಡಿಯುವುದು 70ರ ಗಾಳಿ. ತಡೆ ಹತ್ತಿರ ಹತ್ತಿರ ಇಮ್ಮಡಿ. ಹೋಗುವಾಗ ಒಂದು ಆವರೇಜು, ಬರುವಾಗ ಇನ್ನೊಂದು ಎಂದು ಆ ದಾರಿಯವರು ಹೇಳಿದರೆ ನಂಬಿ.

ಮೂರನೆಯದು ಏರು. ಬಾದಾಮಿಯ ಗುಡ್ಡಗಳ ನಡುವಿನ ದಾರಿಗಳಲ್ಲಿ ನೂರು ಮೀಟರಿಗೆ ಐದು ಮೀಟರ್ ಏರುವ ಕಡೆ ಗಾಡಿ, ಸವಾರ ಸೇರಿ 220 ಕಿಲೋ ಇದ್ದರೆ, ಆ ಏರಿಗಷ್ಟೇ ಬೇಕಾಗುವ ಬಲ ಸಮತಟ್ಟಿನಲ್ಲಿ 50ರಲ್ಲಿ ಓಡಲು ಬೇಕಾದ ಒಟ್ಟು ಬಲಕ್ಕೆ ಹೆಚ್ಚುಕಡಿಮೆ ಸಮ.

ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕಿದರೆ ಎಣ್ಣೆ ಉಳಿಯುತ್ತದೆಯೇ? ಫ್ಯುಯಲ್ ಇಂಜೆಕ್ಷನ್ ಗಾಡಿಗಳಲ್ಲಿ ಹೆಚ್ಚಾಗಿ ಉಲ್ಟಾ! ಗೇರಿನಲ್ಲೇ ಎಕ್ಸಲೇಟರ್ ಬಿಟ್ಟರೆ ಇಂಜೆಕ್ಟರ್ ಪೆಟ್ರೋಲ್ ನಿಲ್ಲಿಸಿಬಿಡುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಉರಿಯಲು ಪೆಟ್ರೋಲ್ ಬೇಕೇ ಬೇಕು. ಬ್ರೇಕಿನ ದೃಷ್ಟಿಯಿಂದಲೂ ಗೇರಿನಲ್ಲಿ ಇಳಿಯುವುದೇ ಕ್ಷೇಮ.

ಬಾಗಲಕೋಟೆ ಸಮುದ್ರಮಟ್ಟದಿಂದ 533 ಮೀಟರ್ ಎತ್ತರದಲ್ಲಿದೆ, ಬಾದಾಮಿ 586. ಇಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಶೇ 6ರಷ್ಟು ಕಡಿಮೆ, ಎಂಜಿನ್ ಉಸಿರೂ ಅಷ್ಟೇ ಕಡಿಮೆ. ಬೆಂಗಳೂರು 920 ಮೀಟರ್, ಅಲ್ಲಿ ಶೇ 10ರಷ್ಟು ಕಡಿಮೆ. ಹಾಗಾದರೆ ನಮ್ಮಲ್ಲೇ ಗಾಡಿ ಚುರುಕಾಗಿರಬೇಕಲ್ಲ? ಇಲ್ಲಿ ಬಿಸಿಲು ಅಡ್ಡ ಬರುತ್ತದೆ. ಏಪ್ರಿಲ್‌ನಲ್ಲಿ 40 ಡಿಗ್ರಿ ಕಾದ ಬಾಗಲಕೋಟೆಯ ಗಾಳಿಯೂ 27 ಡಿಗ್ರಿಯ ಬೆಂಗಳೂರಿನ ಗಾಳಿಯೂ ಸಾಂದ್ರತೆಯಲ್ಲಿ ಸಮಸಮ!

ಅದಕ್ಕೇ ಒಳ್ಳೆಯ ಡೈನೊದವರು ಅಳತೆಯನ್ನು ಎಸ್‌ಎಇ ಜೆ1349 ಎಂಬ ಮಾನಕಕ್ಕೆ ತಂದು ಕೊಡುತ್ತಾರೆ: 25 ಡಿಗ್ರಿ ಉಷ್ಣತೆ, 99 ಕಿಲೋಪಾಸ್ಕಲ್ ಒಣಗಾಳಿಯ ಒತ್ತಡ. ಈ ತಿದ್ದುಪಡಿ ಇಲ್ಲದೆ ಬೆಳಗ್ಗೆ ಒಂದು ಅಳತೆ, ಮಧ್ಯಾಹ್ನ ಒಂದು ಅಳತೆ ತೆಗೆದು 'ನೋಡ್ರಿ, ಪವರ್ ಏರೈತಿ' ಎಂದರೆ ಒಪ್ಪಬೇಡಿ.

ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು 14.7 ಗ್ರಾಂ ಗಾಳಿ ಬೇಕು. ಹೆಚ್ಚು ಶಕ್ತಿ ಬೇಕಿದ್ದರೆ ಗಾಳಿಯನ್ನು 12.5–13ಕ್ಕೆ ಇಳಿಸಬೇಕು, ಹೆಚ್ಚು ಮೈಲೇಜು ಬೇಕಿದ್ದರೆ 15–16ಕ್ಕೆ ಏರಿಸಬೇಕು. ಪಿಕಪ್ಪೂ ಆವರೇಜೂ ಒಂದೇ ಸ್ಕ್ರೂ ತಿರುವಿದರೆ ಒಟ್ಟಿಗೆ ಏರುವುದಿಲ್ಲ, ಕಾರಣ ಇದೇ. ಆದರೆ ಬೇರೆ ಬೇರೆ ವೇಗದಲ್ಲಿ ಬೇರೆ ಬೇರೆ ಮಿಶ್ರಣ ಕೊಡಬಹುದು: ನಿಧಾನ ಓಟದಲ್ಲಿ ಮಿತವ್ಯಯ, ಪೂರ್ತಿ ತಿರುವಿದಾಗ ಶಕ್ತಿ. ಡೈನೊ ಟ್ಯೂನಿಂಗ್ ಎಂದರೆ ಅದೇ.

ಈಗ ಆ ಪೆಟ್ರೋಲಿನಲ್ಲಿ ನಮ್ಮ ಬಾಗಲಕೋಟೆ ಜಿಲ್ಲೆಯ ಕಬ್ಬೂ ಇದೆ! ಮುಧೋಳ ಮತ್ತು ಸಮೀರವಾಡಿಯ ಕಾರ್ಖಾನೆಗಳು ಎಥನಾಲ್ ತಯಾರಿಸುತ್ತವೆ, ಬಂಕಿನಲ್ಲಿ ಸಿಗುವುದು ಶೇ 20 ಎಥನಾಲ್ ಬೆರೆತ ಇ20. ಎಥನಾಲಿಗೆ ಒಂದಕ್ಕೆ ಒಂಬತ್ತು ಪಾಲು ಗಾಳಿ ಸಾಕು, ಹಾಗಾಗಿ ಇ20ರ ಸರಿಪ್ರಮಾಣ 14.7 ಅಲ್ಲ, ಸುಮಾರು 13.5. ಆಮ್ಲಜನಕ ಸೆನ್ಸರ್ ಇರುವ ಬಿಎಸ್6 ಗಾಡಿ ತಾನೇ ಸರಿಮಾಡಿಕೊಳ್ಳುತ್ತದೆ. ಹಳೆಯ ಕಾರ್ಬೋರೇಟರ್ ಗಾಡಿಗೆ ಆ ಬುದ್ಧಿ ಇಲ್ಲ, ಅಲ್ಲಿ ಪೆಟ್ರೋಲ್ ಅಂಶ ಕಡಿಮೆ ಬಿದ್ದು ಎಂಜಿನ್ ಹೆಚ್ಚು ಕಾಯಬಹುದು. ಲೀಟರ್ ಲೆಕ್ಕದಲ್ಲಿ ಇ20ಯ ಶಾಖಶಕ್ತಿ ಬರಿ ಪೆಟ್ರೋಲಿಗಿಂತ ಶೇ 6–7 ಕಡಿಮೆ. ಹಳೆಯ ಮಾದರಿಯ ದ್ವಿಚಕ್ರ ವಾಹನಗಳ ಮೈಲೇಜು ಶೇ 3–4 ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಹೇಳಿದೆ. ರೈತನಿಗೆ ಇದರಿಂದ ಲಾಭ ಆಗಲಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಳೆಯ ಗಾಡಿಯವರಿಗೆ ಜೆಟ್ (ಕಾರ್ಬೋರೇಟರಿನಲ್ಲಿ ಪೆಟ್ರೋಲ್ ಹರಿಯುವ ಸಣ್ಣ ರಂಧ್ರ) ಬದಲಿಸುವ ಸರಿಯಾದ ತಿಳಿವಳಿಕೆಯನ್ನೂ ಯಾರಾದರೂ ಕೊಡಬೇಕಿತ್ತು.

'ಸ್ಕ್ರೂ ಟೈಟ್ ಮಾಡ್ರಿ, ಆವರೇಜ್ ಬರತೈತಿ' ಎಂಬ ಮಾತು ಎಲ್ಲ ಗ್ಯಾರೇಜುಗಳಲ್ಲೂ ಕೇಳಿಬರುತ್ತದೆ. ಕಾರ್ಬೋರೇಟರಿನ ಆ ಮಿಶ್ರಣದ ಸ್ಕ್ರೂ ಕೆಲಸ ಮಾಡುವುದು ಐಡ್ಲಿಂಗಿನಲ್ಲಿ ಮತ್ತು ಎಕ್ಸಲೇಟರಿನ ಮೊದಲ ಕಾಲುಭಾಗದಲ್ಲಿ. ಕಾಲುಭಾಗದಿಂದ ಮುಕ್ಕಾಲು ಭಾಗದವರೆಗೆ ಯಜಮಾನಿಕೆ ಸೂಜಿಯದು, ಮುಕ್ಕಾಲಿನ ಮೇಲೆ ಮೇನ್ ಜೆಟ್ಟಿನದು. ಹೆದ್ದಾರಿಯ ಮೈಲೇಜು ಆ ಸ್ಕ್ರೂನಲ್ಲಿ ಇಲ್ಲ.

ಪ್ಲಗ್ ಬಿಚ್ಚಿ ನೋಡಿ. ತುದಿ ತಿಳಿಕಂದು ಇದ್ದರೆ ಚೆನ್ನ. ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚಾಗಿದೆ. ಬಿಳಿಚಿದ್ದರೆ ಕಡಿಮೆಯಾಗಿದೆ, ಅದು ಮಸಿಗಿಂತ ಅಪಾಯ.

ಏರ್ ಫಿಲ್ಟರ್ ಕಟ್ಟಿಕೊಂಡರೆ ಮೈಲೇಜು ಬೀಳುತ್ತದೆ ಎಂಬುದು ಕಾರ್ಬೋರೇಟರ್ ಗಾಡಿಗಳ ಮಟ್ಟಿಗೆ ನಿಜ. ಫ್ಯುಯಲ್ ಇಂಜೆಕ್ಷನ್ ಕಾರುಗಳ ಮೇಲೆ ಅಮೆರಿಕದ ಓಕ್ ರಿಜ್ ಪ್ರಯೋಗಾಲಯ 2009ರಲ್ಲಿ ಪರೀಕ್ಷಿಸಿದಾಗ ಬೇರೆಯೇ ಫಲ ಬಂತು. ಮೈಲೇಜು ಹೆಚ್ಚುಕಡಿಮೆ ಹಾಗೇ ಇತ್ತು, ಬಿದ್ದದ್ದು ಪಿಕಪ್ಪು. ಹಾಗೆಂದು ಎರೆಹೊಲದ ಧೂಳಿನಲ್ಲಿ ಓಡುವ ಹುನಗುಂದ ಸೀಮೆಯ ಗಾಡಿಗಳು ಕೈಪಿಡಿಯ ಅವಧಿ ಮುಗಿಯುವವರೆಗೆ ಕಾಯಬಾರದು. ಆ ಧೂಳು ಒಳಹೊಕ್ಕರೆ ಸವೆಯುವುದು ಪಿಸ್ಟನ್ ಮತ್ತು ಬೋರು.

ಯಮಹಾ ಆರ್‌ಎಕ್ಸ್100 ಬರೀ 98 ಸಿಸಿ. ಶಕ್ತಿ ಮಾತ್ರ 11 ಅಶ್ವಶಕ್ತಿ. ಟೂ ಸ್ಟ್ರೋಕ್ ಎಂಜಿನ್ ಪ್ರತಿ ಸುತ್ತಿಗೂ ಉರಿಯುವುದು ಇದರ ಗುಟ್ಟು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ 250ಕ್ಕೆ ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು!

ಟೂ ಸ್ಟ್ರೋಕ್ ಗಾಡಿಯ ಸೈಲೆನ್ಸರ್ ಕೊರೆದರೆ ಪವರ್ ಹೆಚ್ಚುತ್ತದೆ ಎಂದು ನಂಬಿದವರು ಬಹಳ. ನಿಜ ಬೇರೆ. ಹೊರಹೋದ ಹೊಗೆಯ ಒತ್ತಡದ ಅಲೆ ಸೈಲೆನ್ಸರಿನ ತುದಿಯಿಂದ ಹಿಂದಿರುಗಿ, ತಪ್ಪಿಸಿಕೊಂಡ ಹಸಿ ಮಿಶ್ರಣವನ್ನು ಸಿಲಿಂಡರಿಗೆ ಮರಳಿ ತಳ್ಳುತ್ತದೆ. 1950ರ ದಶಕದಲ್ಲಿ ಈ ವಿದ್ಯೆಯನ್ನು ಪಳಗಿಸಿದವನು ಪೂರ್ವ ಜರ್ಮನಿಯ ಎಂಜಡ್ ಕಂಪನಿಯ ವಾಲ್ಟರ್ ಕಾಡನ್. 1961ರಲ್ಲಿ ಅವನ 125 ಸಿಸಿ ಎಂಜಿನ್ 25 ಅಶ್ವಶಕ್ತಿ ಕೊಟ್ಟಿತು. ಅದೇ ವರ್ಷ ಅವನ ತಂಡದ ಸವಾರ ಅರ್ನ್ಸ್ಟ್ ಡೆಗ್ನರ್ ದೇಶ ಬಿಟ್ಟು ಓಡಿ ಸುಜುಕಿ ಸೇರಿದ, ಜೊತೆಗೆ ಆ ಗುಟ್ಟೂ ಹೋಯಿತು. 1962ರಲ್ಲಿ 50 ಸಿಸಿ ವಿಶ್ವ ಪ್ರಶಸ್ತಿ ಸುಜುಕಿಗೆ. ಅಷ್ಟು ಲೆಕ್ಕ ಹಾಕಿ ಮಾಡಿದ ಕೊಳವೆಯನ್ನು ಡ್ರಿಲ್ಲಿನಿಂದ ತೂತು ಮಾಡಿದರೆ ಸಿಗುವುದು ಸದ್ದು ಮಾತ್ರ.

ಮತ್ತು ದಂಡ! ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿಯ ಮೂಲ ರೂಪ ಬದಲಿಸುವುದನ್ನು ತಡೆಯುತ್ತದೆ. 2019ರ ತಿದ್ದುಪಡಿಯ ಪ್ರಕಾರ ಮಾಲೀಕನಿಗೆ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು.

ಇಂದಿನ ಗಾಡಿಗಳಲ್ಲಿ ಜೆಟ್ಟಿನ ಜಾಗದಲ್ಲಿ ಇಸಿಯು ಎಂಬ ಪುಟ್ಟ ಕಂಪ್ಯೂಟರ್ ಇದೆ. ಅದಕ್ಕೂ ಸೆನ್ಸರುಗಳಿಗೂ ನಡುವೆ ಕೂತು ಪೆಟ್ರೋಲು, ಕಿಡಿಯ ಸಮಯ ಬದಲಿಸುವ 'ಪವರ್‌ಟ್ರಾನಿಕ್' ಎಂಬ ಪೆಟ್ಟಿಗೆ ತಯಾರಾಗುವುದು ಬೆಂಗಳೂರಿನಲ್ಲೇ, ರೇಸ್ ಡೈನಮಿಕ್ಸ್ ಸಂಸ್ಥೆಯಲ್ಲಿ. ಟ್ರ್ಯಾಕಿನಲ್ಲಿ ಓಡಿಸುವವರಿಗೆ ಅದು ಸರಿ. ದಿನಾ ಗುಳೇದಗುಡ್ಡಕ್ಕೆ ಹೋಗಿಬರುವ 100 ಸಿಸಿ ಗಾಡಿಗೆ ಅನಗತ್ಯ ಖರ್ಚು ಎಂಬುದು ನನ್ನ ಖಚಿತ ಅಭಿಪ್ರಾಯ.

ಟೈರಿನ ಗಾಳಿಯನ್ನು ಬೆಳಗ್ಗೆ, ಟೈರು ತಣ್ಣಗಿದ್ದಾಗ ನೋಡಿ. ಪ್ರತಿ 10 ಡಿಗ್ರಿಗೆ ಒತ್ತಡ ಸುಮಾರು ಒಂದೂವರೆ ಪಿಎಸ್‌ಐ ಏರುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ಸರಿ ಕಂಡದ್ದು ಮರುದಿನ ನಸುಕಿಗೆ ಕಡಿಮೆಯಾಗಿರುತ್ತದೆ.

ಶುಚಿಯಾದ, ಎಣ್ಣೆ ಕಂಡ ಚೈನು ತನಗೆ ಸಿಕ್ಕ ಶಕ್ತಿಯ ಶೇ 98ರವರೆಗೂ ಚಕ್ರಕ್ಕೆ ಮುಟ್ಟಿಸಬಲ್ಲದು. ಒಣಗಿ ಕಿರುಗುಟ್ಟುವ ಚೈನಿನ ಗಾಡಿಗೆ ಬೆಲೆಬಾಳುವ ಪೆಟ್ರೋಲ್ ಹಾಕಿಸಿ ಫಲವಿಲ್ಲ.

ಡೈನೊ ಹತ್ತಿರದಲ್ಲಿಲ್ಲ ಎಂದು ಕೂರಬೇಡಿ. ಟ್ಯಾಂಕ್ ಪೂರ್ತಿ ತುಂಬಿಸಿ, ಮೀಟರಿನ ಅಂಕಿ ಬರೆದಿಡಿ. ಮತ್ತೆ ಅದೇ ಬಂಕಿನಲ್ಲಿ ಪೂರ್ತಿ ತುಂಬಿಸಿ, ಓಡಿದ ಕಿಲೋಮೀಟರನ್ನು ಹಾಕಿಸಿದ ಲೀಟರಿನಿಂದ ಭಾಗಿಸಿ. ರಿಪೇರಿಗೆ ಮುಂಚೆ ಮೂರು ಟ್ಯಾಂಕು, ನಂತರ ಮೂರು ಟ್ಯಾಂಕು ಹೀಗೆ ಲೆಕ್ಕ ಇಡಿ. ದೊಡ್ಡ ಊರಿನ ಟ್ಯೂನಿಂಗ್ ಅಂಗಡಿಗೆ ಹೋದರೆ, ಕೆಲಸಕ್ಕೆ ಮುಂಚಿನ ಗ್ರಾಫ್ ಮತ್ತು ನಂತರದ ಗ್ರಾಫ್ ಎರಡನ್ನೂ ಕಾಗದದ ಮೇಲೆ ಕೇಳಿ ಪಡೆಯಿರಿ. ಕೊಡದಿದ್ದರೆ ದುಡ್ಡು ಕೊಡಬೇಡಿ.